ಕಿಟಕಿಯಲ್ಲಿದ್ದ ಕಸೂತಿ ಪರದೆ

ನಾನು ಒಂದು ಕಿಟಕಿ ಪರದೆ. ಬೆಟಗೇರಿಯ ಮಗ್ಗದಲ್ಲಿ ನೇಯ್ದ ಕಡು ಹಸಿರು ಬಟ್ಟೆ. ಧಾರವಾಡದ ನೀಲವ್ವ ನನ್ನನ್ನು ಕೊಂಡು ತಂದು, ಪಡಸಾಲೆಯಲ್ಲಿ ಹರಡಿ, ಅಂಗೈಯಿಂದ ಸವರಿ ನೋಡಿದ ದಿನವೇ ನಾನು ಹುಟ್ಟಿದ ದಿನ ಎಂದುಕೊಂಡಿದ್ದೇನೆ. ಅದಕ್ಕೂ ಮೊದಲು ನಾನು ಬರೀ ಬಟ್ಟೆ.

ನೀಲವ್ವ ಓಣಿಯ ಹೆಂಗಸರಿಗೆ ಕುಪ್ಪಸ ಹೊಲಿದು ಬದುಕುತ್ತಿದ್ದಳು. ಮಧ್ಯಾಹ್ನ ಹೊಲಿಗೆ ಯಂತ್ರ ನಿಂತ ಮೇಲೆ ನನ್ನನ್ನು ಮಡಿಲಿಗೆ ಎಳೆದುಕೊಂಡು ಕಸೂತಿ ಹಾಕುತ್ತಿದ್ದಳು. ಕಸೂತಿಗೆ ಗುರುತು ಬರೆದುಕೊಳ್ಳುವುದಿಲ್ಲ, ಗಂಟು ಹಾಕುವುದಿಲ್ಲ. ಎಳೆ ಎಣಿಸಿ ಎಣಿಸಿ ಸೂಜಿ ಇಳಿಸಬೇಕು. ಎಣಿಸುವ ಕೆಲಸ ಎಂಟು ವರ್ಷದ ಮಗಳು ಕಸ್ತೂರಿಯದು. ಗೋಪುರ ಬಂತು, ನವಿಲು ಬಂತು, ಕೆಳ ಅಂಚಿನಲ್ಲಿ ಆನೆಗಳ ಸಾಲು ಬಂತು. ಮೂರನೆಯ ಆನೆಯ ಹತ್ತಿರ ಕಸ್ತೂರಿಯ ಲೆಕ್ಕ ತಪ್ಪಿತು. ಗೊತ್ತಾಗುವಷ್ಟರಲ್ಲಿ ಆನೆಗೆ ಐದು ಕಾಲು ಬಂದಿದ್ದವು. ಹುಡುಗಿ ಅಳುಮೋರೆ ಮಾಡಿದಳು.

"ಇರ್ಲಿ ಬಿಡವಾ," ಎಂದಳು ನೀಲವ್ವ. "ಐದು ಕಾಲಿದ್ರ ಇನ್ನೂ ಗಟ್ಟಿ ನಿಲ್ತೈತಿ."

ಆ ಮನೆಯ ಕಿಟಕಿಯಲ್ಲಿ ನಾನು ಹದಿನಾರು ವರ್ಷ ತೂಗಿದೆ. ಬೆಳಗ್ಗೆ ಹಾಲಿನವನ ಸೈಕಲ್ ಗಂಟೆ, ಸಂಜೆ ಮಿರ್ಚಿ ಕರಿಯುವ ವಾಸನೆ, ಎದುರು ಮನೆಯ ಮೇಷ್ಟ್ರ ರೇಡಿಯೋ, ಎಲ್ಲ ನನ್ನನ್ನು ದಾಟಿಕೊಂಡೇ ಒಳಗೆ ಬರುತ್ತಿದ್ದವು. ಓಣಿಯವರು ನನ್ನನ್ನು ನೋಡಿ ಗುರುತು ಹೇಳುತ್ತಿದ್ದರು: "ಆನಿ ಪರದೆ ಐತಲ್ಲ, ಅದ ನೀಲವ್ವನ ಮನಿ." ಅದು ನನಗೆ ಎಷ್ಟು ಹೆಮ್ಮೆಯ ಮಾತಾಗಿತ್ತೆಂದರೆ, ಗಾಳಿ ಇಲ್ಲದ ದಿನವೂ ಒಂದಿಷ್ಟು ಅಲುಗಬೇಕೆನಿಸುತ್ತಿತ್ತು.

ಕಸ್ತೂರಿಯ ಮದುವೆಯಾದಾಗ ನೀಲವ್ವ ನನ್ನನ್ನು ಒಗೆದು, ಗಂಜಿ ಹಾಕಿ, ಮಗಳ ಪೆಟ್ಟಿಗೆಯಲ್ಲಿ ಎಲ್ಲಕ್ಕಿಂತ ಮೇಲೆ ಇಟ್ಟಳು. ನಾನು ಬೆಳಗಾವಿಗೆ ಹೋದೆ. ಅಳಿಯ ಉಮಾಕಾಂತ ಹಳೆಯ ಕಾರುಗಳ ವ್ಯಾಪಾರಿ. ಹೊರಗಿನವರ ಜೊತೆ ನಕ್ಕು ನಕ್ಕು ಮಾತಾಡುವ ಮನುಷ್ಯ. ಆ ಮನೆಯ ವರ್ಷಗಳನ್ನು ಹೆಚ್ಚು ಹೇಳಲಾರೆ. ಇಷ್ಟು ಸಾಕು: ಅವನು ಮೊದಲು ನನ್ನನ್ನು ಎಳೆದು ಕಿಟಕಿ ಮುಚ್ಚುತ್ತಿದ್ದ, ಆಮೇಲೆ ಕೈ ಎತ್ತುತ್ತಿದ್ದ. ಬೀದಿಗೆ ಕಾಣಬೇಕಾಗಿದ್ದನ್ನು ನಾನೇ ಮರೆಮಾಡಿದೆ. ಆ ದಿನಗಳಲ್ಲಿ ಧಾರವಾಡದ ಓಣಿ ಬಹಳ ನೆನಪಾಗುತ್ತಿತ್ತು.

ನೀಲವ್ವ ತೀರಿಕೊಂಡ ವರ್ಷ ಕಸ್ತೂರಿ ಒಂದು ಬೆಳಗ್ಗೆ, ನಾಲ್ಕು ವರ್ಷದ ಮಗಳು ಮೈನಾಳನ್ನು ಎತ್ತಿಕೊಂಡು ಮನೆ ಬಿಟ್ಟಳು. ಎರಡು ಚೀಲದಲ್ಲಿ ಬಟ್ಟೆ, ಕಾಗದಪತ್ರ. ಬಾಗಿಲ ತನಕ ಹೋದವಳು ತಿರುಗಿ ಬಂದು, ನನ್ನನ್ನು ಸರಳಿನಿಂದ ಬಿಚ್ಚಿ ಚೀಲಕ್ಕೆ ತುರುಕಿದಳು. ಅವ್ವನ ಕೈಕೆಲಸ ಎಂದು ಉಳಿದಿದ್ದು ನಾನೊಬ್ಬಳೇ.

ರಾಣೆಬೆನ್ನೂರಿನಲ್ಲಿ ಅವಳಿಗೆ ಬೀಜದ ಕಂಪನಿಯೊಂದರಲ್ಲಿ ಕೆಲಸ ಸಿಕ್ಕಿತು. ಒದ್ದೆ ಕಾಗದದ ಮೇಲೆ ಬೀಜ ಹರಡಿ, ನೂರಕ್ಕೆ ಎಷ್ಟು ಮೊಳಕೆ ಬಂದವು ಎಂದು ಎಣಿಸುವ ಕೆಲಸ. ನಿವೃತ್ತ ಕಂಪೌಂಡರ್ ಗುರುಶಾಂತಪ್ಪನವರ ಎರಡು ಕೋಣೆಯ ಮನೆ ಬಾಡಿಗೆಗೆ ಸಿಕ್ಕಿತು. ಉಮಾಕಾಂತ ಅವರಿಬ್ಬರ ಹತ್ತಿರ ಸುಳಿಯಬಾರದೆಂದು ಕೋರ್ಟು ಆದೇಶ ಕೊಟ್ಟಿತ್ತು. ಆದರೂ ಕಸ್ತೂರಿ ಊರಿನ ಹೆಸರನ್ನು ಬಂಧುಗಳಿಗೂ ಹೇಳಿರಲಿಲ್ಲ. ಬಾಗಿಲಿಗೆ ಹೆಸರಿನ ಫಲಕ ಹಾಕಲಿಲ್ಲ. ಫೋನಿನಲ್ಲಿ ತನ್ನ ಚಿತ್ರ ಇಡಲಿಲ್ಲ. ಮೂರು ವರ್ಷ ನೆಮ್ಮದಿಯಿಂದ ಕಳೆದವು. ಮೈನಾ ನನ್ನ ಹಿಂದೆ ಅಡಗಿ ಆಡುತ್ತಿದ್ದಳು. ಐದು ಕಾಲಿನ ಆನೆಗೆ ಅವಳು ಹೆಸರೂ ಇಟ್ಟಿದ್ದಳು.

ಆಗ ಗುರುಶಾಂತಪ್ಪನವರು ಮನೆ ಮಾರಲು ಹೊರಟರು. ಒಂದು ಭಾನುವಾರ ಏಜೆಂಟ್ ಸಿದ್ಧಲಿಂಗನನ್ನು ಕರೆದುಕೊಂಡು ಬಂದರು.

"ಒಳಗಿನ ಫೋಟೋನೂ ಹಾಕ್ತೀರೇನ್ರೀ?" ಎಂದು ಕೇಳಿದಳು ಕಸ್ತೂರಿ.

"ಆನ್‌ಲೈನ್ ಹಾಕೂದು ಅಕ್ಕಾರ. ಒಳಗಿಂದು ಇಲ್ಲಂದ್ರ ಯಾರೂ ಒತ್ತಿ ನೋಡಂಗಿಲ್ಲ."

"ಏನೂ ಆಗೂದಿಲ್ಲ ತಗೊಳವಾ," ಎಂದರು ಗುರುಶಾಂತಪ್ಪ. "ಗೋಡಿ ಫೋಟೋ ತಗೊಂಡು ಯಾರೇನ್ ಮಾಡ್ತಾರ?"

ಅವರ ಮನೆ, ಬೇಡ ಎನ್ನಲು ಬಾಯಿ ಬರಲಿಲ್ಲ. ಕಸ್ತೂರಿ ಅವಸರದಲ್ಲಿ ಗೋಡೆಯ ಮೇಲಿನ ಮಗಳ ಚಿತ್ರ ತೆಗೆದಳು. ಶಾಲೆಯ ವೇಳಾಪಟ್ಟಿ ಕಿತ್ತಳು. ಮೈನಾಳ ಹೆಸರಿದ್ದ ಚೀಲ ಕಪಾಟಿಗೆ ಸೇರಿಸಿದಳು. ಇನ್ನೇನೂ ಉಳಿದಿಲ್ಲ ಎಂದು ಕೋಣೆಯ ಸುತ್ತ ಕಣ್ಣಾಡಿಸಿ, ಕೊನೆಗೆ ಕಿಟಕಿಯ ಹತ್ತಿರ ಬಂದು ನನ್ನ ಮಡಿಕೆಗಳನ್ನು ಸರಿಮಾಡಿದಳು. ಫೋಟೋ ಚಂದ ಬರಲಿ ಎಂದು. ಬಿಸಿಲು ನನ್ನ ಮೇಲೆ ಬಿದ್ದಿತ್ತು. ನಾನೂ ಚಂದ ಕಾಣಬೇಕೆಂದು ಬಯಸಿದೆ.

ಮೂರು ವಾರದ ನಂತರ, ಒಂದು ರಜೆಯ ಮಧ್ಯಾಹ್ನ, ಗೇಟಿನ ಸದ್ದಾಯಿತು. "ಅಕ್ಕಾರ, ಪಾರ್ಟಿ ಮನಿ ನೋಡಾಕ ಬಂದಾರ," ಎಂದು ಸಿದ್ಧಲಿಂಗನ ದನಿ. ಕಸ್ತೂರಿ ಬಾಗಿಲಿನ ಚಿಲಕಕ್ಕೆ ಕೈ ಹಾಕಿದವಳು, ಅಭ್ಯಾಸದಂತೆ ನನ್ನ ಅಂಚನ್ನು ಒಂದು ಬೆರಳಿನಷ್ಟು ಸರಿಸಿ ನೋಡಿದಳು. ಸಿದ್ಧಲಿಂಗನ ಹಿಂದೆ ಒಬ್ಬ ಹೆಲ್ಮೆಟ್ ಹಾಕಿಕೊಂಡೇ ನಿಂತಿದ್ದ. ಬೆರಳಿಗೆ ಬೀಗದ ಕೈ ಸಿಕ್ಕಿಸಿ ತಿರುಗಿಸುತ್ತಿದ್ದ. ಆ ತಿರುಗಿಸುವಿಕೆ ಬೆಳಗಾವಿಯಿಂದಲೇ ನನಗೂ ಗೊತ್ತಿತ್ತು.

ಅವಳು ಚಿಲಕದಿಂದ ಕೈ ತೆಗೆದಳು. ಬಾಗಿಲಿಗೆ ಇನ್ನೊಂದು ಅಗುಳಿ ಹಾಕಿದಳು. ಒಳಗೆ ಹೋಗಿ, "ಹಿತ್ತಲದಾಗಿಂದ ಹಿಂದಿನ ಓಣಿ ಜೈಬುನ್ ಚಾಚಿ ಮನಿಗೆ ಹೋಗು. ನಾ ಕರಿಯೂತನಕ ಬರಬ್ಯಾಡ," ಎಂದು ಮಗಳನ್ನು ಕಳಿಸಿದಳು. ಪೊಲೀಸರಿಗೆ ಫೋನ್ ಮಾಡಿ, ವಿಳಾಸವನ್ನೂ ಕೋರ್ಟಿನ ಆದೇಶವನ್ನೂ ಬಿಡಿಸಿ ಹೇಳಿದಳು. ಆಮೇಲೆ ಕಿಟಕಿಗೆ ಬಂದು ನಿಂತಳು.

"ಸಿದ್ಧಲಿಂಗಪ್ಪಾ, ನಿನ್ನ ಹಿಂದ ನಿಂತವರು ಮನಿ ನೋಡಾಕ ಬಂದಿಲ್ಲ. ಗುರುಶಾಂತಪ್ಪನವರನ್ನ ಕರಿ, ಓಡು!"

ಸಿದ್ಧಲಿಂಗ ಕಕ್ಕಾಬಿಕ್ಕಿಯಾಗಿ ಒಮ್ಮೆ ಅವಳನ್ನು, ಒಮ್ಮೆ ಹಿಂದಿದ್ದವನನ್ನು ನೋಡಿ ಓಡಿದ. ಉಮಾಕಾಂತ ಹೆಲ್ಮೆಟ್ ತೆಗೆದು ನಕ್ಕ.

"ಎಷ್ಟ್ ಊರು ಹುಡಿಕಿದ್ನಿ ಗೊತ್ತೇನು? ಕೊಳ್ಳಾಕಂತ ಹಳೇ ಮನಿ ನೋಡ್ಕೋತ ಕುಂತಿದ್ನಿ, ಮೊಬೈಲಿನ್ಯಾಗ ಈ ಪರದೆ ಬಂತು. ಐದು ಕಾಲಿನ ಆನಿ ಜಗತ್ತಿನ್ಯಾಗ ಇನ್ಯಾರ ಮನ್ಯಾಗ ಇರ್ತೈತಿ? ನಕಾಶೆ ಸುದ್ದಾ ಹಾಕ್ಯಾರ, ಕೇಳೂ ಕೆಲಸನ ಇಲ್ಲ. ಮಗಳನ್ನ ಕರಿ."

"ಕರಿಯಂಗಿಲ್ಲ," ಎಂದಳು ಕಸ್ತೂರಿ. ಅವಳು ಕಿಟಕಿಯಿಂದ ಹಿಂದೆ ಸರಿಯಲಿಲ್ಲ.

ಅವನು ಕಿಟಕಿಯ ಸರಳುಗಳ ನಡುವೆ ಕೈ ತೂರಿಸಿ ನನ್ನನ್ನು ಹಿಡಿದು ಎಳೆದ. ನಾನು ಮೇಲಿನಿಂದ ನಡುವಿನವರೆಗೆ ಪರ್ರನೆ ಹರಿದೆ. ಅಷ್ಟರಲ್ಲಿ ಅದೇ ಓಣಿಯಲ್ಲಿದ್ದ ಗುರುಶಾಂತಪ್ಪ ಬನಿಯನ್ನಿನಲ್ಲೇ ಓಡಿ ಬಂದರು. ಎಪ್ಪತ್ತರ ಮುದುಕ ಬಾಗಿಲಿಗೆ ಬೆನ್ನು ಕೊಟ್ಟು ನಿಂತು, "ನನ್ನ ದಾಟಿ ಹೋಗಲೇ ನೀ," ಎಂದರು. ಓಣಿ ಕೂಡಿತು. ಪೊಲೀಸರು ಬಂದರು. ಆದೇಶದ ಕಾಗದ ಓದಿ ಅವನನ್ನು ಜೀಪಿಗೆ ಹತ್ತಿಸಿದರು.

ಅವನು ಮನೆ ಪತ್ತೆ ಮಾಡಿದ್ದು ಫೋಟೋದಿಂದ ಎಂದು ತಿಳಿದು ಗುರುಶಾಂತಪ್ಪ ಕಟ್ಟೆಯ ಮೇಲೆ ಕುಸಿದು ಕುಳಿತರು. "ಗೋಡಿ ಫೋಟೋ ಅಂದ್ನಲ್ಲವಾ ನಾನು. ಮನಿ ನಂದಿರಬಹುದು, ಒಳಗಿನ ಬಾಳು ನಿಂದಲ್ಲೇನು? ಕೇಳದ ಹಾಕಿಬಿಟ್ನಿ."

ಮರುದಿನ ಸಿದ್ಧಲಿಂಗ ಕಸ್ತೂರಿಯ ಎದುರೇ ಕುಳಿತು ಫೋಟೋ, ನಕಾಶೆ ಎಲ್ಲ ಅಳಿಸಿದ. ಆದರೆ ಅವನ್ನು ಬೇರೆ ಎರಡು ಜಾಲತಾಣಗಳು ಆಗಲೇ ನಕಲು ಮಾಡಿಕೊಂಡಿದ್ದವು. ಅವರಿಗೆ ಬರೆದು, ಮತ್ತೆ ಬರೆದು, ಎಲ್ಲ ಕಡೆಯಿಂದ ನಾನು ಮಾಯವಾಗಲು ಹನ್ನೊಂದು ದಿನ ಬೇಕಾಯಿತು. ಆಮೇಲೆ ಹೊರಗೋಡೆಯದೊಂದೇ ಫೋಟೋ ಹಾಕಿದರು. ನೋಡಲು ಬರುವವರ ಹೆಸರು, ಗುರುತಿನ ಚೀಟಿ ಮೊದಲೇ ಕೇಳಿದರು. ಮನೆ ಮಾರಾಟವೂ ಆಯಿತು. ಗುರುಶಾಂತಪ್ಪನವರೇ ಊರಿನ ಇನ್ನೊಂದು ತುದಿಯಲ್ಲಿ ತಾಯಿ ಮಗಳಿಗೆ ಮನೆ ಹುಡುಕಿ ಕೊಟ್ಟರು.

ಹೊಸ ಮನೆಯ ಕಿಟಕಿಗೆ ಕಸ್ತೂರಿ ಸಂತೆಯಿಂದ ತಂದ ಬೂದು ಪರದೆ ಹಾಕಿದಳು. ಅಂಥವು ಊರಿನಲ್ಲಿ ನೂರು ಮನೆಯಲ್ಲಿವೆ. ನನ್ನನ್ನು ತೊಡೆಯ ಮೇಲಿಟ್ಟುಕೊಂಡು ಬಹಳ ಹೊತ್ತು ಕುಳಿತಳು. ಎಸೆದುಬಿಡುತ್ತಾಳೆ ಎಂದುಕೊಂಡೆ. ಎಸೆದರೂ ತಪ್ಪೆನ್ನುತ್ತಿರಲಿಲ್ಲ. ಅವಳು ಹರಿದ ಕಡೆ ಕೂಡಿಸಿ, ಮೇಲೊಂದು ಕೆಳಗೊಂದು ಹಳೆಯ ಸೀರೆ ಇಟ್ಟು, ನನ್ನನ್ನು ಒಳಗೆ ಸೇರಿಸಿ ಕೌದಿ ಹೊಲಿದಳು.

ಈಗ ನನಗೆ ವಯಸ್ಸಾಗಿದೆ. ಕೌದಿಯ ಒಳಪದರದಲ್ಲಿ ನನಗೆ ಯಾರೂ ಕಾಣುವುದಿಲ್ಲ, ನಾನೂ ಯಾರಿಗೂ ಕಾಣುವುದಿಲ್ಲ. ಮೈನಾ ಹೊದ್ದು ಮಲಗಿದರೆ ಅವಳ ಉಸಿರಿನ ಬಿಸಿ ತಾಗುತ್ತದೆ. ಓಣಿಯವರು ನೋಡಿ ಗುರುತಿಸುವುದಕ್ಕೂ, ಎಲ್ಲಿಯೋ ಕುಳಿತವನೊಬ್ಬ ನೋಡಿ ಗುರುತಿಸುವುದಕ್ಕೂ ಎಷ್ಟು ವ್ಯತ್ಯಾಸ ಎಂದು ನಾನು ತಡವಾಗಿ ಕಲಿತೆ. ಓಣಿಯಲ್ಲಿ ನನ್ನನ್ನು ನೋಡಿದವರನ್ನು ನಾನೂ ನೋಡುತ್ತಿದ್ದೆ. ಹಾಗಿದ್ದರೂ ಕಿಟಕಿಯ ಗಾಳಿಗೆ ಮನಸ್ಸು ಹಂಬಲಿಸುವುದು ಬಿಟ್ಟಿಲ್ಲ.

ಮೊನ್ನೆ ಕೌದಿಯನ್ನು ಮಾಳಿಗೆಯ ಮೇಲೆ ಒಣಹಾಕಿದಾಗ ಒಂದು ಕಡೆ ಹೊಲಿಗೆ ಬಿಟ್ಟಿತ್ತು. ಬಿಸಿಲು ನೇರ ನನ್ನ ಮೇಲೆ ಬಿತ್ತು. ಕಸ್ತೂರಿ ಸೂಜಿ ದಾರ ತಂದು ಪಕ್ಕದಲ್ಲಿ ಕುಳಿತಳು. ಆದರೆ ಕೂಡಲೇ ಹೊಲಿಯಲಿಲ್ಲ. ಬಿಟ್ಟ ಜಾಗದಲ್ಲಿ ಎರಡು ಬೆರಳು ತೂರಿಸಿ ನನ್ನನ್ನು ಮುಟ್ಟುತ್ತಾ, ಬಿಸಿಲು ಇಳಿಯುವವರೆಗೂ ಹಾಗೇ ಕುಳಿತಿದ್ದಳು.