ಟೈಲರಮ್ಮ ಕಂಡ ಕಡಲು

ಬೋರ್ಡು ಬಾಗಿಲಲ್ಲಿ ಸಿಕ್ಕಿಹಾಕಿಕೊಂಡಿತು. ಆಚೆಯಿಂದ ಇಸ್ತ್ರಿ ಅಂಗಡಿಯವನು ಎಳೆಯುತ್ತಿದ್ದ, ಈಚೆಯಿಂದ ನೀರಣ್ಣ ತಳ್ಳುತ್ತಿದ್ದ.

“ಒಂಚೂರು ಓರೆ ಮಾಡಿ ನೀರಣ್ಣ. ಬಾಗಿಲೂ ಬೋರ್ಡೂ ಹಠಕ್ಕೆ ಬಿದ್ದಿವೆ.”

ಹೊಲಿಗೆ ಕೋಣೆಯನ್ನು ಖಾಲಿ ಮಾಡಲೇಬೇಕಿತ್ತು. ಅವನ ಹೆಂಡತಿ ಟೈಲರಮ್ಮ ನಿನ್ನೆ ಬೆಳಗ್ಗೆ ಸೂಜಿಗೆ ದಾರ ಪೋಣಿಸುತ್ತ ಕೂತಲ್ಲೇ ಹೋಗಿಬಿಟ್ಟಿದ್ದಳು. ಈಗ ಅವಳನ್ನು ನಡುಮನೆಯಲ್ಲಿ ಮಲಗಿಸಿದ್ದರು. ನಾಲ್ಕು ಗಂಟೆಗೆ ಗಾಡಿ ಬರುವುದಿತ್ತು. ಬಂದವರು ಕೂರಲು ಹೋಗಲಿ, ನಿಲ್ಲಲೂ ಜಾಗವಿಲ್ಲದೆ ಬೀದಿಯಲ್ಲಿ ಚದುರಿಕೊಂಡಿದ್ದರು. ಇಡೀ ಪೇಟೆಯ ಹೆಂಗಸರ ಸೊಂಟ, ಭುಜಗಳ ಗುಟ್ಟು ಬಲ್ಲವಳು ಅವಳು. ಒಬ್ಬರದನ್ನು ಇನ್ನೊಬ್ಬರ ಕಿವಿಗೆ ಹಾಕಿದವಳಲ್ಲ. ಅಂಥವಳು ಹೋದಳೆಂದರೆ ಬಾರದೆ ಇರುವವರು ಯಾರು?

ಬೋರ್ಡನ್ನು ಓರೆ ಮಾಡಿದಾಗಲೇ ನೀರಣ್ಣನಿಗೆ ಅದು ಕಂಡದ್ದು. ಬಿಸಿಲಿಗೆ ಬಣ್ಣ ಹೋಗಿದ್ದ ಹಸಿರು ಬಟ್ಟೆಯ ನಟ್ಟನಡುವೆ, ಅಂಗೈಯಗಲದ ಒಂದು ಚೌಕ ಮಾತ್ರ ಸುತ್ತಲಿನದಕ್ಕಿಂತ ಕಡುಹಸಿರಾಗಿ ಉಳಿದಿತ್ತು. ಅಲ್ಲಿದ್ದ ಸಮುದ್ರ ಇರಲಿಲ್ಲ.

ಅದು ಶಾಲೆಯವರು ಬೇಡವೆಂದು ಬಿಟ್ಟ ನೋಟಿಸ್ ಬೋರ್ಡು. ಗಿರಾಕಿಗಳು ಪತ್ರಿಕೆಯಿಂದ ಕತ್ತರಿಸಿ ತಂದ ಅಂಗಿ, ರವಿಕೆಗಳ ಚಿತ್ರವನ್ನು ಟೈಲರಮ್ಮ ಅದಕ್ಕೆ ಚುಚ್ಚಿ, ಕೆಳಗೊಂದು ಚೀಟಿಯಲ್ಲಿ ಅಳತೆ ಮತ್ತು ಕೊಡುವ ದಿನ ಬರೆಯುತ್ತಿದ್ದಳು. ಬಟ್ಟೆ ಕೊಟ್ಟ ಮೇಲೆ ಚಿತ್ರ ಇಳಿಯುತ್ತಿತ್ತು. ಹೇಳಿದ ದಿನಕ್ಕೆ ಕೊಟ್ಟವಳಂತೂ ಅಲ್ಲ. ಅವಳ ಗುರುವಾರ ಅಂದರೆ ಮುಂದಿನ ಮಂಗಳವಾರ ಎಂದು ಪೇಟೆಯ ಮಕ್ಕಳಿಗೂ ಗೊತ್ತಿತ್ತು. ಈ ಗಿರಾಕಿಗಳ ಚಿತ್ರಗಳ ನಡುವೆಯೇ ಅವಳ ಸ್ವಂತದ ಆಸೆಗಳೂ ಇರುತ್ತಿದ್ದವು, ಅವಕ್ಕೂ ಚೀಟಿ, ಅವಕ್ಕೂ ತಾರೀಖು. ಯಂತ್ರಕ್ಕೊಂದು ಮೋಟಾರು, ಮೂರು ಮಡಿಕೆಯ ಕನ್ನಡಿ, ನರ್ಸಿನ ಬಿಳಿ ಉಡುಪಿನಲ್ಲಿ ಮಗಳು. ತಡವಾದರೂ ಒಂದೊಂದಾಗಿ ಎಲ್ಲವೂ ಇಳಿದವು. ಸಮುದ್ರದ ಚಿತ್ರವೊಂದು ಮಾತ್ರ ಇಪ್ಪತ್ತಾರು ವರ್ಷ ಕೂತೇ ಇತ್ತು. ಅದರ ಚೀಟಿಯಲ್ಲಿ ಬರೆದಿದ್ದಳು: ‘ಉದ್ದ, ಕಣ್ಣಿಗೆ ಕಾಣುವಷ್ಟು. ಅಗಲ, ಅಷ್ಟೇ. ಕೊಡುವ ದಿನ, ಇವರಿಗೆ ರಜೆ ಸಿಕ್ಕಾಗ.’

ಬೋರ್ಡಿನಿಂದ ಚಿತ್ರ ಇಳಿಯುವುದು ಎರಡೇ ರೀತಿ. ಒಂದೋ ಬಟ್ಟೆ ಕೊಟ್ಟಾಗಿರಬೇಕು, ಇಲ್ಲವೇ ಗಿರಾಕಿ ಬೇಡವೆಂದು ಹೇಳಿರಬೇಕು. ಸಮುದ್ರವನ್ನು ಕೊಟ್ಟಾಗಿಲ್ಲ ಎಂಬುದು ನೀರಣ್ಣನಿಗಿಂತ ಚೆನ್ನಾಗಿ ಇನ್ನಾರಿಗೆ ಗೊತ್ತು? ಹಾಗಾದರೆ ಅವಳು ಬೇಡವೆಂದಿದ್ದಳು. ಯಾವಾಗ ಎಂದಳೋ, ಎಷ್ಟು ನೊಂದು ಎಂದಳೋ, ತನ್ನೊಂದಿಗೆ ಮಾತ್ರ ಅನ್ನಲಿಲ್ಲ.

“ಬಂತು, ಬಂತು, ಬಿಡಿ!” ಎಂದ ಇಸ್ತ್ರಿಯವನು. ಬೋರ್ಡು ಹೊರಗೆ ಹೋಯಿತು.

*

ಮೂವತ್ತನಾಲ್ಕು ವರ್ಷ ಅವನು ಊರಿಗೆ ನೀರು ಬಿಟ್ಟವನು. ಬೆಳಗ್ಗೆ ಐದಕ್ಕೆ ಮೇಲಿನ ಬೀದಿ, ಏಳಕ್ಕೆ ಆಸ್ಪತ್ರೆ ಬೀದಿ, ಸಂಜೆ ಪೇಟೆ. ಮೊಣಕಾಲೆತ್ತರದ ಕಬ್ಬಿಣದ ಚಾವಿ ಹಿಡಿದು ಗುಂಡಿಗಿಳಿದು ವಾಲ್ವು ತಿರುಗಿಸಬೇಕು. ಆಸ್ಪತ್ರೆ ಬೀದಿಯ ವಾಲ್ವು ಹಳೆಯದು, ಉಳಿದವೆಲ್ಲ ಎಡಕ್ಕೆ ತೆರೆದರೆ ಅದೊಂದು ಬಲಕ್ಕೆ. ಆ ಗುಟ್ಟು ತನಗೊಬ್ಬನಿಗೇ ಗೊತ್ತೆಂಬ ಜಂಬ ಅವನಿಗಿತ್ತು. ರಜೆ ಕೇಳಿದರೆ ಊರು ಬಾಯಾರಿ ಸತ್ತೇಹೋದೀತು ಎಂದು ನಂಬಿಕೊಂಡಿದ್ದ.

ನಿವೃತ್ತನಾದ ಎಂಟನೆಯ ದಿನ ಇಬ್ಬರೂ ಬಸ್ಸು ಹತ್ತಿದರು. ಟೈಲರಮ್ಮ ಕಿಟಕಿಯ ಪಕ್ಕ ಕೂತು ದಾರಿಯುದ್ದಕ್ಕೂ ಮಾತಾಡಿದಳು. ಚಹಾಕ್ಕೆಂದು ಬಸ್ಸು ನಿಂತ ಕಡೆ, ಇನ್ನು ಒಂದೂವರೆ ಗಂಟೆ ದಾರಿ ಎಂದ ಕಂಡಕ್ಟರು. ಗಾಳಿಯಲ್ಲಿ ಆಗಲೇ ಉಪ್ಪಿನ ವಾಸನೆ ಇದೆ ಎಂದಳು ಅವಳು. ಅಷ್ಟರಲ್ಲಿ ಫೋನು ಬಂತು. ಹೊಸದಾಗಿ ಬಂದವನು ಅಂದು ಗಡಿಬಿಡಿಯಲ್ಲಿ ಆಸ್ಪತ್ರೆ ಬೀದಿಯ ವಾಲ್ವನ್ನು ಎಡಕ್ಕೆ ತಿರುಗಿಸಿ ಬಿಗಿದು ಕೂತಿದ್ದ, ಆಸ್ಪತ್ರೆಗೆ ನೀರಿಲ್ಲ.

ನೀರಣ್ಣ ಬಿಡಿಸಿ ಹೇಳಿದ. ಹೇಳಿದ ಮೇಲೆ ಸುಮ್ಮನಿರಬಹುದಿತ್ತು. ಅವನ ಕೆಲಸ ಮುಗಿದು ಎಂಟು ದಿನವಾಗಿತ್ತು, ಯಾರೂ ಅವನನ್ನು ಬಾ ಎಂದಿರಲಿಲ್ಲ. ಆದರೂ ಮೇಲಿಂದ ಚೀಲ ಇಳಿಸಿದ.

“ಈಗಲೇನಾ?” ಎಂದಷ್ಟೇ ಕೇಳಿದಳು ಅವಳು.

ವಾಪಸು ಬಸ್ಸು ಇದ್ದದ್ದು ಮಾರನೆಯ ದಿನ. ಅಲ್ಲೇ ಒಂದು ಕೋಣೆ ಹಿಡಿದು ಉಳಿದರು. ಊರಿಗೆ ಬಂದರೆ, ನೀರು ಆವತ್ತೇ ಅರ್ಧ ಗಂಟೆಯಲ್ಲಿ ಬಂದಿತ್ತಂತೆ, ಹೊಸಬ ತಾನೇ ಸರಿಮಾಡಿದ್ದ. ಮುಂದಿನ ತಿಂಗಳು ಹೋಗೋಣ ಎನ್ನಬೇಕೆಂದುಕೊಂಡ. ಹಾಗಂದರೆ ಮಾಡಿದ ಮೂರ್ಖತನವನ್ನು ಒಪ್ಪಿಕೊಂಡಂತಾಗುತ್ತದೆ ಎಂದು ಬಾಯಿ ಬರಲಿಲ್ಲ. ಅವಳೂ ಎತ್ತಲಿಲ್ಲ. ಹೀಗೇ ಮೂರು ವರ್ಷ ಕಳೆಯಿತು. ಅಂದಿನಿಂದ ನಾಚಿಕೆಯಾಗಿ ಅವನು ಆ ಬೋರ್ಡಿನ ಕಡೆ ಕಣ್ಣೆತ್ತಿಯೂ ನೋಡಿರಲಿಲ್ಲ.

*

ಮೂಲೆಮನೆ ಅಕ್ಕ ಅವನ ಪಕ್ಕದ ಕುರ್ಚಿಯಲ್ಲಿ ಕೂತು ಮೂಗೊರೆಸಿಕೊಂಡಳು.

“ಕೊರಗಬೇಡಿ ಅಣ್ಣ. ನಿಮ್ಮ ಹಾಗೆ ಹೆಂಡತೀನ ನೋಡ್ಕೊಂಡೋರು ಯಾರಿದ್ದಾರೆ? ಅವಳನ್ನ ಸಮುದ್ರಕ್ಕೆ ಕರ್ಕೊಂಡ್ಹೋದ್ರಿ. ನಮ್ಮೋರು ನನ್ನನ್ನ ಬಸ್‌ಸ್ಟ್ಯಾಂಡಿಗೂ ಕರ್ಕೊಂಡ್ಹೋಗ್ಲಿಲ್ಲ.”

“ಸಮುದ್ರಕ್ಕಾ?”

“ಮತ್ತೆ? ನೀವು ಬಂದ ಮಾರನೇ ದಿನಾನೇ ನಾನು ಅಳತೆ ಕೊಡೋಕೆ ಬಂದಿದ್ದೆ. ನನ್ನೆದುರೇ ಪಿನ್ನು ಕಿತ್ತು, ‘ಡೆಲಿವರಿ ಆಯ್ತು ಕಣೇ’ ಅಂದ್ಲು. ಆ ಜಾಗದಲ್ಲಿ ಬೇರೇನೂ ಚುಚ್ಚೋಕೆ ಬಿಡ್ಲಿಲ್ಲ. ನೀವು ಪ್ಯಾಂಟು ಮಡಚಿಕೊಂಡು ನೀರಿಗಿಳಿದ್ರಂತೆ, ಚಪ್ಪಲಿ ತೇಲಿಹೋಯ್ತಂತೆ, ಅದರ ಹಿಂದೆ ಓಡಿದ್ರಂತೆ.” ಅಳುತ್ತಿದ್ದವಳಿಗೆ ನಗು ಬಂದು ಸೆರಗು ಬಾಯಿಗಿಟ್ಟುಕೊಂಡಳು.

“ಓಡಿದ್ದು ಟೈಲರಮ್ಮ,” ಎಂದ ಇಸ್ತ್ರಿಯವನು. “ನೀರಣ್ಣ ನಿಂತು ನಗ್ತಿದ್ರಂತೆ. ನನಗೆ ಹೇಳಿದ್ದು ಹಾಗೆ.”

“ನಿನಗೇನು ಗೊತ್ತೋ, ಓಡಿದ್ದು ಇವರೇ!”

ನೀರಣ್ಣ ಒಮ್ಮೆ ಇವಳ ಮುಖ, ಒಮ್ಮೆ ಅವನ ಮುಖ ನೋಡಿದ. ಕೇಳುತ್ತ ಕೇಳುತ್ತ ಅವನಿಗೆ ಕಣ್ಣೆದುರು ಮರಳು ಕಾಣತೊಡಗಿತು. ಮಡಚಿದ ಪ್ಯಾಂಟಿನ ತೆಳ್ಳಗಿನ ಮನುಷ್ಯನೊಬ್ಬ ಬೆಳಕಿನಲ್ಲಿ ನಿಂತಿದ್ದ, ತನಗಿಂತ ಒಳ್ಳೆಯವನು. ಅವನಿಗೆ ಅವಸರವೇ ಇರಲಿಲ್ಲ.

ಶಾಲೆಯ ಟೀಚರು ಹತ್ತಿರ ಬಂದು ಮೆಲ್ಲಗೆ ಹೇಳಿದರು: “ನನ್ನ ಹತ್ರ ಬೇರೆ ಥರ ಹೇಳಿದ್ರು. ‘ಮೂವತ್ನಾಲ್ಕು ವರ್ಷ ನೀರು ಬಿಟ್ಟೋರು, ಅಷ್ಟು ನೀರು ಕಂಡು ಮಾತೇ ಆಡ್ಲಿಲ್ಲ ಟೀಚರ್, ನನ್ನ ಕೈ ಹಿಡ್ಕೊಂಡು ನಿಂತುಬಿಟ್ರು’ ಅಂದ್ರು. ಬೋರ್ಡು ಕೊಟ್ಟಿದ್ದು ನಾನೇ ನೋಡಿ. ಆಸೆಪಟ್ಟಿದ್ದರ ಚಿತ್ರ ದಿನಾ ಕಣ್ಣಿಗೆ ಬೀಳೋ ಹಾಗೆ ಇಟ್ಕೋಬೇಕು, ಆಗಲೇ ಆಗಿಹೋಯ್ತು ಅನ್ನೋ ಹಾಗೆ ನಾಲ್ಕು ಜನಕ್ಕೆ ಹೇಳ್ಕೋಬೇಕು, ಆಗ ಅದು ಆಗೇ ಆಗುತ್ತೆ ಅಂತ ಯಾವುದೋ ಪತ್ರಿಕೇಲಿ ಬಂದಿತ್ತು. ತಮಾಷೆಗೆ ಓದಿ ಹೇಳಿದ್ದೆ, ಟೈಲರಮ್ಮ ನಂಬಿಬಿಟ್ರು. ಮಗಳು ಕೋರ್ಸಿಗೆ ಸೇರೋ ಮೊದಲೇ ‘ನನ್ನ ಮಗಳು ನರ್ಸು’ ಅಂತ ಬೀದಿಗೆಲ್ಲ ಹೇಳಿರ್ಲಿಲ್ವಾ!”

ನೆನಪಿತ್ತು. ಅಂದು ಅವನು ಗದರಿಸಿದ್ದ, ಕೂಸು ಹುಟ್ಟುವ ಮುಂಚೆ ಕುಲಾವಿ ಎಂದು ಆಡಿಕೊಂಡಿದ್ದ.

ನೀರಣ್ಣ ಎದ್ದು ನಡುಮನೆಗೆ ಹೋಗಿ ಅವಳ ಕಾಲ ಬಳಿ ನಿಂತ. ಅವಳು ಬೇಡವೆಂದಿರಲಿಲ್ಲ. ಆ ಬಸ್ಸಿನಿಂದ ಇಳಿದ ಮೇಲೂ, ಮೂರು ವರ್ಷವೂ, ಬಂದವರಿಗೆಲ್ಲ ಅಳತೆ ತೆಗೆಯುತ್ತ ತೆಗೆಯುತ್ತ ಅವಳು ಆಸೆಪಡುತ್ತಲೇ ಇದ್ದಳು. ಹೇಗೂ ಕಟ್ಟಿದ ಕತೆ, ಅದರಲ್ಲಿ ಅವನನ್ನು ಬಿಟ್ಟು ಒಬ್ಬಳೇ ಹೋಗಿ ಬರಬಹುದಿತ್ತು. ಯಾರಿಗೆ ಹೇಳಿದ್ದರಲ್ಲೂ ಅವಳು ಅವನನ್ನು ಬಿಟ್ಟು ಹೋಗಿರಲಿಲ್ಲ. ಅವನು ಅಲ್ಲೇ ನೆಲದ ಮೇಲೆ ಕೂತುಬಿಟ್ಟ. ನಿನ್ನೆಯಿಂದ ಬಾರದೆ ಇದ್ದ ಅಳು ಈಗ ಬಂತು.

*

ಮೂರೂವರೆಗೆ ಟೈಲರಮ್ಮನ ಅಣ್ಣ ಬಂದ. ದೂರದಿಂದ ಬಂದವನು, ತಂಗಿಯ ಮುಖ ನೋಡಿ ಕುಸಿದು, ಎದ್ದು, ಕೋಪವನ್ನು ಎಲ್ಲಿ ಹಾಕುವುದೆಂದು ತಿಳಿಯದೆ ನೀರಣ್ಣನ ಮೇಲೆ ಹಾಕಿದ.

“ಸಂಸಾರ ಮಾಡಿದ್ದು ಅವಳ ಜೊತೆಗೋ ಆ ವಾಲ್ವಿನ ಜೊತೆಗೋ ಭಾವ? ನನ್ನ ತಂಗಿ ಬಾಯಿಬಿಟ್ಟು ಕೇಳಿದ್ದು ಒಂದೇ ಒಂದು. ಮದುವೆಯಾದ ಹೊಸದರಲ್ಲೇ ನನ್ನ ಹತ್ರ ಹೇಳಿದ್ಲು. ಆ ಸಮುದ್ರಾನಾದ್ರೂ ತೋರಿಸಿದ್ರಾ?”

“ಮಾವ, ಸುಮ್ನಿರಿ,” ಎಂದಳು ಮಗಳು. “ಅಪ್ಪ ತೋರಿಸಿದ್ದಾರೆ. ಅಮ್ಮಾನೇ ಹೇಳಿದ್ಲು.”

“ಅವಳು ನಿಮ್ಮಪ್ಪನ್ನ ಬಿಟ್ಟುಕೊಡೋಳಲ್ಲ. ಇವರೇ ಹೇಳ್ಲಿ.”

ಕೋಣೆಯಲ್ಲಿದ್ದವರೆಲ್ಲ ನೀರಣ್ಣನ ಕಡೆ ತಿರುಗಿದರು. ಇಲ್ಲ ಎಂಬ ಮಾತು ನಾಲಗೆಯ ತುದಿಯಲ್ಲಿತ್ತು. ಅಂದುಬಿಟ್ಟರೆ ಮೂರು ವರ್ಷದ ಎದೆಭಾರ ಇಳಿಯುತ್ತಿತ್ತು. ಆದರೆ ಊರಿನ ಗುಟ್ಟುಗಳನ್ನೆಲ್ಲ ಕಾಪಾಡಿದವಳನ್ನು, ಅದೇ ಊರಿನ ಮುಂದೆ, ಅವಳು ಮಲಗಿರುವಾಗ ಸುಳ್ಳಿ ಮಾಡಿ ಕಳಿಸಿದಂತಾಗುತ್ತಿತ್ತು. ಅವನು ಗಂಟಲು ಸರಿಮಾಡಿಕೊಂಡ.

“ಹೋಗಿದ್ವಿ ಭಾವ.”

ಅಣ್ಣ ನಂಬದವನಂತೆ ನೀರಣ್ಣನ ಮುಖ ನೋಡಿದ.

“ಬಸ್ಸು ಇಳಿದಿದ್ದೇ ತಡ, ಚೀಲ ನನ್ನ ಕೈಗೆ ಕೊಟ್ಟು ಓಡಿದ್ಲು. ಮಂಡಿನೋವು ಗಿಂಡಿನೋವು ಏನೂ ಇಲ್ಲ. ನೀರಿನ ಹತ್ರ ಹೋಗಿ ಗಕ್ಕಂತ ನಿಂತ್ಲು. ನಾನು ಏದುಸಿರು ಬಿಡ್ತಾ ಹೋದ್ರೆ, ನನ್ನ ಕಡೆ ತಿರುಗಿ ಏನು ಕೇಳಿದ್ಲು ಗೊತ್ತಾ? ‘ರೀ, ಇದರ ವಾಲ್ವು ಎಲ್ಲಿದೆ?’ ಅಂತ.”

ಯಾರೋ ಕಿಸಕ್ಕೆಂದರು. ಮೂಲೆಮನೆ ಅಕ್ಕ ಹಣೆ ಚಚ್ಚಿಕೊಂಡಳು. “ನೋಡಿ, ಇದನ್ನ ನಮಗೆ ಹೇಳೇ ಇರ್ಲಿಲ್ಲ!”

“ನಾನಂದೆ, ಇದಕ್ಕೆ ವಾಲ್ವು ಇಲ್ಲ ಕಣೇ, ಇದು ತಾನಾಗೇ ಬರುತ್ತೆ, ತಾನಾಗೇ ಹೋಗುತ್ತೆ. ಹಾಗಾದ್ರೆ ನಿಮಗಿಲ್ಲಿ ಏನೂ ಕೆಲಸ ಇಲ್ಲ, ಕೂತ್ಕೊಳ್ಳಿ ಅಂದ್ಲು. ಕೂತ್ಕೊಂಡೆ.”

ಅಣ್ಣ ಮೆಲ್ಲಗೆ ಬಂದು ನೀರಣ್ಣನ ಪಕ್ಕದಲ್ಲಿ ನೆಲದ ಮೇಲೆ ಕೂತ. ಕಣ್ಣೊರೆಸಿಕೊಂಡು, “ಆಮೇಲೆ?” ಎಂದು ಕೇಳಿದ.

ಹೊರಗೆ ಗಾಡಿ ಬಂದು ನಿಂತು ಹಾರ್ನು ಹೊಡೆಯಿತು. ಯಾರೂ ಏಳಲಿಲ್ಲ.

“ಆಮೇಲೆ ಇಬ್ರೂ ಹೀಗೇ ಕಾಲು ಚಾಚ್ಕೊಂಡು ಕೂತಿದ್ವಿ. ನೀರು ಅಲ್ಲೆಲ್ಲೋ ದೂರದಲ್ಲಿತ್ತು. ಮಾತಾಡ್ತಾ ಮಾತಾಡ್ತಾ ಗೊತ್ತೇ ಆಗ್ಲಿಲ್ಲ, ಒಂದು ದೊಡ್ಡ ಅಲೆ, ನೋಡ್ತಾ ನೋಡ್ತಾ ನಮ್ಮ ಹತ್ರಕ್ಕೇ...”

ನೀರಣ್ಣ ಕಾಲು ಹಿಂದಕ್ಕೆಳೆದುಕೊಂಡ. ಪಕ್ಕದಲ್ಲಿದ್ದ ಭಾವನೂ ಎಳೆದುಕೊಂಡ.