ಲಾರಿಗೆ ಕಟ್ಟಿದ ಚಕ್ಕಡಿ

"ನೊಗ ತಗೀ, ನೊಗ ತಗೀ. ಲಾರೀಲಾ ನೊಗ ಕಶಾಲಾ?" ಎಂದು, ಲಾರಿಗೆ ನೊಗ ಯಾಕೆನ್ನುತ್ತ, ಡ್ರೈವರ್ ಭಾನುದಾಸ ಚಕ್ಕಡಿಯ ಮುಂದಿನ ಉದ್ದ ಮರವನ್ನು ಒಬ್ಬನೇ ಎತ್ತಿ, ಲಾರಿಯ ಹಿಂದಿದ್ದ ಕಬ್ಬಿಣದ ಕೊಕ್ಕೆಯ ಮೇಲೆ ತಂದಿಟ್ಟ. ಸಿದ್ಧೇಶ್ವರ ಗುಡಿಯ ಹಿಂದಿನ ಅಡತಿ ಅಂಗಡಿಗಳ ಮುಂದೆ ಜನ ನೆರೆದಿತ್ತು. ಲಾರಿ ಚಕ್ಕಡಿಯನ್ನು ಎಳೆದುಕೊಂಡು ಹೋಗುವುದನ್ನು ವಿಜಾಪುರದವರು ಅದುವರೆಗೆ ಕಂಡಿರಲಿಲ್ಲ. ತಾಯವ್ವ ಸೆರಗನ್ನು ಬಾಯಿಗೆ ಹಿಡಿದು ಒಂದು ಬದಿಗೆ ನಿಂತಿದ್ದಳು. ಅತ್ತು ಅತ್ತು ಅವಳ ಕಣ್ಣು ಊದಿದ್ದವು. ನೊಗ ಬಿಚ್ಚಿದ ಚಕ್ಕಡಿಯನ್ನು ನೋಡಿ, ಮೂಗುತಿ ತೆಗೆದ ಮುಖ ನೋಡಿದ ಹಾಗಾಯಿತು ಅವಳಿಗೆ.

ಜೋಳದ ಚೀಲ ಹೇರಿಕೊಂಡು ಟಿಕೋಟಾದಿಂದ ಬಂದ ತಾಯವ್ವ, ಅವಳ ಗಂಡ ಖಂಡಪ್ಪ ನಿನ್ನೆ ಕೋಟೆಯ ಹೊರಗಿನ ಬಯಲಿನಲ್ಲಿ ಎತ್ತು ಬಿಚ್ಚಿ, ಬುತ್ತಿ ಬಿಚ್ಚಿದ್ದರು. ಅಷ್ಟರಲ್ಲಿ ಜೋಡಿಯ ಒಂದು ಎತ್ತು ಹಂಡ್ಯಾ ಪಕ್ಕದ ಹೊಲಕ್ಕೆ ಬಾಯಿ ಹಾಕಿ ಜೋಳದ ಎಳೆ ಚಿಗುರು ತಿಂದುಬಿಟ್ಟಿತ್ತು. ಆ ಚಿಗುರು ನಂಜೆಂದು ಖಂಡಪ್ಪನಿಗೆ ಗೊತ್ತಿಲ್ಲದ್ದೇನಲ್ಲ. ಆದರೆ ಅವನು ರೊಟ್ಟಿ ಮುರಿದು ಬಾಯಿಗಿಡುವಷ್ಟರಲ್ಲಿ ಎತ್ತು ಕಾಲು ಝಾಡಿಸಿ ಮಲಗಿತ್ತು. ಬಾಯಿಗೆ ಹುಣಸೆ ನೀರು ಹೊಯ್ದರು, ಹೊಟ್ಟೆ ತಿಕ್ಕಿದರು, ದೇವರಿಗೆ ಕೈ ಮುಗಿದರು. ಹೊತ್ತು ಮುಳುಗುವುದರೊಳಗೆ ಎಲ್ಲ ಮುಗಿದುಹೋಗಿತ್ತು. ಮುಂಜಾನೆ ಅಡತಿಯ ಹಮಾಲರು ಚಕ್ಕಡಿಯನ್ನು ದಬ್ಬಿ ತಂದು ಚೀಲ ಇಳಿಸಿಕೊಂಡಿದ್ದರು.

ಈಗ ಉಳಿದದ್ದು ಕೆಂಚ್ಯಾ ಒಂದೇ. ಹಿಂಗಾರಿ ಬಿತ್ತಿಗೆ ಹೊಸ್ತಿಲಿಗೆ ಬಂದು ನಿಂತಿತ್ತು. ಒಂಟಿ ಎತ್ತಿನಿಂದ ಚಕ್ಕಡಿಯೂ ಸಾಗದು, ಕೂರಿಗೆಯೂ ಸಾಗದು. ತಾಯವ್ವ ರಾತ್ರಿಯೆಲ್ಲ ಲೆಕ್ಕ ಹಾಕಿ ಒಂದು ದಾರಿ ಹುಡುಕಿದ್ದಳು. ಬಬಲೇಶ್ವರದಲ್ಲಿದ್ದ ಅವಳ ತಂಗಿಯ ಗಂಡ ಧೂಳಪ್ಪನ ಜೋಡಿಯೂ ಬೇಸಿಗೆಯಲ್ಲಿ ಮುರಿದು ಒಂದೇ ಎತ್ತು ಉಳಿದಿತ್ತು. ಅದನ್ನೂ ಇದನ್ನೂ ಕೂಡಿಸಿದರೆ ಅವರ ಹೊಲವೂ ಬಿತ್ತಬಹುದು, ಇವರ ಹೊಲವೂ ಬಿತ್ತಬಹುದು. ಕೆಂಚ್ಯಾ ಸುಖವಾಗಿ ಮನೆ ಮುಟ್ಟಿದರೆ ಸಾಕು, ಈ ವರ್ಷದ ರೊಟ್ಟಿಗೆ ಚಿಂತೆಯಿಲ್ಲ.

ಅಷ್ಟು ಹೊತ್ತಿಗೆ ಸಿಕ್ಕವನು ಭಾನುದಾಸ. ಟಿಕೋಟಾದ ಶಂಕ್ರೆಪ್ಪ ಸಾಹುಕಾರರು ಯುದ್ಧ ಮುಗಿದ ಮೇಲೆ ಹರಾಜಿನಲ್ಲಿ ಹಿಡಿದ ಮಿಲಿಟರಿ ಲಾರಿಗೆ ಅವನು ಡ್ರೈವರ್. ಲಾರಿಯೂ ಸೈನ್ಯದ್ದು, ಅವನೂ ಸೈನ್ಯದವನು. ಪಂಢರಪುರದ ಕಡೆಯ ಮರಾಠಿ ಮನುಷ್ಯ, ಊರಿಗೆ ಬಂದು ಇನ್ನೂ ಒಂದು ಹಬ್ಬ ಕಂಡಿರಲಿಲ್ಲ. ಕನ್ನಡ ಅವನ ನಾಲಿಗೆಗೆ ಅಷ್ಟಕ್ಕಷ್ಟೇ. ಸಾಹುಕಾರರೇನೋ ಲಾರಿಗೆ ನಿಂಬೆಹಣ್ಣು ಕಟ್ಟಿ, ಕುಂಕುಮ ಹಚ್ಚಿ, ಅದರ ಮೂತಿಯ ಮೇಲೆ ತೆಂಗಿನಕಾಯಿ ಒಡೆಯಲು ಹೋಗಿ ಒಂದು ದೀಪವನ್ನೇ ಒಡೆದಿದ್ದರು. ಆದರೂ ಅದರ ಶಕ್ತಿಗೆ ಊರೇ ಬೆರಗಾಗಿತ್ತು. ಮಳೆಗಾಲದ ಎರೆಮಣ್ಣಿನಲ್ಲಿ ಹುಗಿದ ಗಾಡಿಗಳನ್ನು ಅದು ಕೂದಲು ಎಳೆದಂತೆ ಎಳೆದು ಹಾಕುತ್ತಿತ್ತು.

"ಬರ್ಮಾ ಮುಲೂಕದಾಗ ಟ್ರೇಲರ್ ಎಳದಾನ ಹಾ ಗಡೀ. ಟ್ರೇಲರ್ ಭರಾ ಗೋಳೀ, ತೋಪು!" ಎಂದು ಭಾನುದಾಸ, ಲಾರಿ ಯುದ್ಧದಲ್ಲಿ ತೋಪು ಗುಂಡು ತುಂಬಿದ ಗಾಡಿ ಎಳೆದದ್ದನ್ನು ಹೇಳುತ್ತ ಕೊಕ್ಕೆಯನ್ನು ತಟ್ಟಿದ. "ತುಮ್ಚೀ ಚಕ್ಕಡೀ ಮ್ಹಣಜೇ ಖೇಳಣಾ."

"ನಮ್ಮ ಚಕ್ಕಡಿ ಆಟಿಗಿ ಸಾಮಾನ ಇದ್ದಂಗಂತ," ಎಂದು ತಾಯವ್ವ ಗಂಡನಿಗೆ ತಿಳಿಸಿ ಹೇಳಿದಳು.

ಖಂಡಪ್ಪನಿಗೆ ಅದೇನೂ ಬೇಕಿರಲಿಲ್ಲ. "ಚಕ್ಕಡಿ ಹೋಗಲಿ. ನಾ ಕೆಂಚ್ಯಾನ ಸಂಗಟ ನಡಕೊಂತ ಬರತೇನಿ," ಎಂದ.

"ನಿನ್ನೆಯಿಂದ ಒಂದು ಚೂರು ರೊಟ್ಟಿ ಮುರದಿಲ್ಲ ನೀವು. ತೊರವಿ ದಾಟೂದರಾಗ ಕಣ್ಣಿಗಿ ಕತ್ತಲಿ ಬಂದು ಬೀಳತೀರಿ. ಹಿಂದ ಕಟ್ಟಿದರ ಅದರಷ್ಟಕ್ಕ ಅದು ಬರತೈತಿ. ಸುಮ್ಮ ಏರ್ರಿ ಮ್ಯಾಲ."

ಅವಳು ಹೇಳಿದ್ದರಲ್ಲಿ ತಪ್ಪೇನಿರಲಿಲ್ಲ. ಆ ಸೀಮೆಯಲ್ಲಿ ಯಾರೇ ದನ ಕೊಂಡರೂ, ಯಾರದೇ ಎತ್ತು ಕುಂಟಿದರೂ ಚಕ್ಕಡಿಯ ಹಿಂದೆ ಕಟ್ಟುತ್ತಾರೆ, ಅದು ಹಿಂದೆ ಹಿಂದೆ ಬರುತ್ತದೆ. ಖಂಡಪ್ಪನ ಕೈ ನಡುಗುತ್ತಿತ್ತಾದ್ದರಿಂದ ಕೆಂಚ್ಯಾನ ಕೊರಳ ಹಗ್ಗದ ಕಣ್ಣಿಯನ್ನು ಚಕ್ಕಡಿಯ ಹಿಂದಕ್ಕೆ ಅವಳೇ ಕಟ್ಟಿದಳು. ತಾಯವ್ವ ಹಾಕಿದ ಗಂಟು ಎಳೆದಷ್ಟೂ ಬಿಗಿಯುವ ಗಂಟು. ಕಟ್ಟಿ ಮುಗಿಸಿ ಕೆಂಚ್ಯಾನ ಹಣೆ ಸವರಿದಳು. ಎತ್ತು ಮೂಗು ಅರಳಿಸಿ ಪಕ್ಕಕ್ಕೆ ತಿರುಗಿ ನೋಡಿತು. ಹಂಡ್ಯಾ ಯಾವಾಗಲೂ ನಿಲ್ಲುತ್ತಿದ್ದ ಬದಿ ಅದು.

"ಹಳೂ ಹಳೂ ಹೊಡಿ ಅಂತ ಹೇಳಲೇ ಅವಗ," ಎಂದ ಖಂಡಪ್ಪ.

ನಿಧಾನ ಹೊಡೆ ಎಂದು ತಾಯವ್ವ ಮರಾಠಿಯಲ್ಲಿ ಹೇಳಿದಳು. ಭಾನುದಾಸ ಎದೆ ಮುಟ್ಟಿಕೊಂಡು ತಲೆಯಾಡಿಸಿದ. ಒಳ್ಳೆಯ ಮನುಷ್ಯನೇ ಅವನು.

ಮರಾಠಿ ಅವಳಿಗೆ ತವರಿನ ಮಾತು. ಜತ್ತ ಸೀಮೆಯ ಅವಳ ಊರಿನಲ್ಲಿ ಒಂದೇ ಕಟ್ಟೆಯ ಮೇಲೆ ಎರಡೂ ಭಾಷೆ ಕೂರುತ್ತಿದ್ದವು. ಮದುವೆಯಾಗಿ ಬಂದ ಹೊಸದರಲ್ಲಿ ಯಾರು ಏನು ಕೇಳಿದರೂ ಹೌದು ಎನ್ನಲು ಮರಾಠಿಯವರಂತೆ "ಹೋ" ಅನ್ನುತ್ತಿದ್ದಳು. ರೊಟ್ಟಿ ಬಡಿದೀಯೇನು ಅಂದರೆ ಹೋ, ನೀರು ತಂದೀಯೇನು ಅಂದರೆ ಹೋ. ಟಿಕೋಟಾದಲ್ಲಿ ಹೋ ಅನ್ನುವುದು ಎತ್ತುಗಳಿಗೆ, ಅವು ನಿಲ್ಲಲಿ ಎಂದು. ಅತ್ತೆ ನಕ್ಕಳು, ಓಣಿ ನಕ್ಕಿತು. ಎಲ್ಲರಿಗಿಂತ ಹೆಚ್ಚು ನಕ್ಕವನು ಖಂಡಪ್ಪ. "ಎತ್ತು ನಿಂತಾವಲ್ಲಲೇ, ಇನ್ನ ಯಾಕ ಹೋ ಅಂತಿ?" ಎಂದು ಕಾಡುತ್ತಿದ್ದ. ಕೆಂಚ್ಯಾ ಎಳೆಗರುವಾಗಿದ್ದಾಗ ಇವಳು ಅಡುಗೆಮನೆಯಿಂದ ಹೋ ಅಂದರೂ ಹಿತ್ತಲಲ್ಲಿ ಗಕ್ಕನೆ ನಿಂತುಬಿಡುತ್ತಿತ್ತು. ನಾಚಿಕೆಯಿಂದ ತಾಯವ್ವ ಆ ಮಾತನ್ನೇ ಬಿಟ್ಟಳು.

ಲಾರಿ ಹೊರಟಿತು. ತಾಯವ್ವ ಚಕ್ಕಡಿಯ ಹಿಂಬದಿಯಲ್ಲಿ ಕೆಂಚ್ಯಾನಿಗೆ ಮುಖ ಮಾಡಿ ಕುಳಿತಿದ್ದಳು, ಖಂಡಪ್ಪ ಮುಂದೆ. ಎದುರಿಗೆ ಲಾರಿಯ ತುಂಬ ಉಪ್ಪಿನ ಚೀಲ, ಅವುಗಳಾಚೆ ಭಾನುದಾಸನ ತಲೆ ಕೂಡ ಕಾಣುತ್ತಿರಲಿಲ್ಲ. ಕೋಟೆಗೋಡೆ ದಾಟುವವರೆಗೆ ಮಕ್ಕಳು ಕೂಗುತ್ತ ಬೆನ್ನು ಹತ್ತಿದರು. ಭಾನುದಾಸ ಮಾತು ಉಳಿಸಿಕೊಂಡ. ಲಾರಿ ಬಸುರಿಯಂತೆ ನಿಧಾನ ನಡೆಯಿತು, ಕೆಂಚ್ಯಾ ಕೊರಳ ಗಂಟೆ ಆಡಿಸುತ್ತ ಹಿಂದೆ ಬಂತು. ತೊರವಿಯ ಹತ್ತಿರ ಅವನು ಬಾಗಿಲಿನಿಂದ ಕತ್ತು ಹೊರಹಾಕಿ "ಠೀಕ ಆಹೇ ಕಾ?" ಎಂದು ಕೂಗಿದ. ತಾಯವ್ವ ಕೈ ಎತ್ತಿ ತೋರಿಸಿದಳು. ಎರಡು ದಿನದಲ್ಲಿ ಮೊದಲ ಸಲ ಅವಳ ಜೀವ ಹಗುರಾಗಿತ್ತು. ನಾಳೆಯೇ ಬಬಲೇಶ್ವರಕ್ಕೆ ಹೇಳಿ ಕಳಿಸಬೇಕು, ಧೂಳಪ್ಪನ ಎತ್ತು ಸ್ವಲ್ಪ ಗಿಡ್ಡ, ನೊಗ ಸರಿ ಕೂರಬೇಕಾದರೆ ಏನು ಮಾಡಬೇಕು ಎಂದೆಲ್ಲ ಯೋಚಿಸುತ್ತ ಕುಳಿತಳು.

ತೊರವಿ ದಾಟಿದ ಮೇಲೆ ಪಡುವಣದಲ್ಲಿ ಮೋಡ ಎದ್ದಿತು. ಬಿತ್ತಿಗೆಗೆ ಬೇಕಾದ ಮಳೆ. ನೋಡಿ ಖಂಡಪ್ಪನ ಮುಖವೂ ಕೊಂಚ ತಿಳಿಯಾಯಿತು. ಆದರೆ ಲಾರಿಯಲ್ಲಿ ಉಪ್ಪಿತ್ತು, ಮೇಲೆ ಹೊದಿಕೆಯಿರಲಿಲ್ಲ. ಉಪ್ಪು ಕರಗಿದರೆ ಸಾಹುಕಾರರು ಯಾರನ್ನು ಕರಗಿಸುತ್ತಾರೆ ಎಂಬುದು ಭಾನುದಾಸನಿಗೆ ಗೊತ್ತಿತ್ತು. ಅವನು ಆಕಾಶ ನೋಡಿದ. ಹಿಂದಕ್ಕೆ ತಿರುಗದೆ ಏನೋ ಕೂಗಿ ಕೇಳಿದ. ಎಂಜಿನ್ನಿನ ಗದ್ದಲದಲ್ಲಿ ಖಂಡಪ್ಪನಿಗೆ ಮಾತು ತಿಳಿಯಲಿಲ್ಲ, ಹಿಂಬದಿಯ ತಾಯವ್ವನಿಗೆ ಅದು ಮುಟ್ಟಲೇ ಇಲ್ಲ. ಲಾರಿ ಬಿರುಸಾದದ್ದು ಮಾತ್ರ ತಿಳಿಯಿತು. ಹಿಂದೆ ಗಂಟೆಯ ಸಪ್ಪಳ ಬದಲಾಗಿತ್ತು, ಕೆಂಚ್ಯಾ ಓಡುತ್ತಿತ್ತು.

"ಹೋ!" ಎಂದು ಕೂಗಿದ ಖಂಡಪ್ಪ. ಹುಟ್ಟಿದಾಗಿನಿಂದ ಏನನ್ನು ನಿಲ್ಲಿಸಬೇಕಾದರೂ ಅವನು ಕೂಗಿದ್ದು ಅದನ್ನೇ. "ಹೋ! ಹೋ!"

ಲಾರಿಯ ಕಿಟಕಿಯಿಂದ ಒಂದು ಕೈ ಹೊರಬಂದು, ಆಯಿತು ಎನ್ನುವಂತೆ ಆಡಿತು. ಲಾರಿ ಇನ್ನಷ್ಟು ಜೋರಾಯಿತು.

ತಾಯವ್ವ ಗಂಟಿನ ಮೇಲೆ ಬಿದ್ದಿದ್ದಳು. ಕಣ್ಣಿ ಕಬ್ಬಿಣದ ಸರಳಿನಂತೆ ಬಿಗಿದಿತ್ತು. ಬೆರಳು ಹೋಗಲಿಲ್ಲ, ಉಗುರು ಹೋಗಲಿಲ್ಲ. ಬಗ್ಗಿ ಹಲ್ಲು ಹಾಕಿದಳು. ತಾನೇ ಹಾಕಿದ ಗಂಟು ತನ್ನನ್ನೇ ಗುರುತಿಸಲಿಲ್ಲ. ಕಣ್ಣೆದುರೇ ಕೆಂಚ್ಯಾನ ಮುಖ, ಬಾಯಿಂದ ಬಿಳಿ ನೊರೆ. ಕಲ್ಲುದಾರಿಯಲ್ಲಿ ಗೊರಸು ಜಾರುತ್ತಿದ್ದರೂ ಅದು ಓಡುತ್ತಲೇ ಇತ್ತು. ಹಾಗೇ ಬಿಟ್ಟಿದ್ದರೆ ಇನ್ನೂ ಸ್ವಲ್ಪ ಹೊತ್ತು ಓಡುತ್ತಿತ್ತೇನೋ.

"ಹೋ! ಹೋ ಹೋ ಹೋ!" ಖಂಡಪ್ಪ ಗಂಟಲು ಹರಿಯುವಂತೆ ಒದರಿದ.

ಲಾರಿ ಓಡಿತು. ಕೆಂಚ್ಯಾ ಕೇಳಿತು. ಒಡೆಯನ ಮಾತನ್ನು ಅದು ಯಾವತ್ತೂ ಮೀರಿರಲಿಲ್ಲ. ನಾಲ್ಕೂ ಕಾಲು ಊರಿ ನಿಲ್ಲಲು ನೋಡಿತು.

ಮೊಣಕಾಲು ಮೊದಲು ನೆಲಕ್ಕೆ ಬಡಿಯಿತು, ಆಮೇಲೆ ಎದೆ, ಆಮೇಲೆ ಕೊರಳು ಓರೆಯಾಗಿ ಮೈಯೆಲ್ಲ ಎಳೆದುಕೊಂಡು ಬರತೊಡಗಿತು. ಖಂಡಪ್ಪ ಚಕ್ಕಡಿಯಿಂದ ಧುಮುಕಿ ಮುಗ್ಗರಿಸಿ ಬಿದ್ದ. ತಾಯವ್ವ ಗಂಟಿನಿಂದ ಬಾಯಿ ಕಿತ್ತಳು. ಒಸಡಿನಿಂದ ರಕ್ತ ಬರುತ್ತಿತ್ತು. ಎಲ್ಲಿತ್ತೋ ಇಷ್ಟು ಹೊತ್ತು, ನಿಲ್ಲು ಎನ್ನುವ ತವರಿನ ಮಾತು ಆಗ ಬಂತು.

"ಥಾಂಬಾ!" ಎಂದು ಚೀರಿದಳು. "ಥಾಂಬಾ!"

ಲಾರಿ ಅಲ್ಲಿಯೇ ನಿಂತಿತು. ಎರಡನೆಯ ಸಲ ಕೂಗುವ ಅಗತ್ಯವೇ ಇರಲಿಲ್ಲ.

ಅವಳು ಇಳಿದು ಬರುವಷ್ಟರಲ್ಲಿ ಖಂಡಪ್ಪ ಕುಂಟುತ್ತ ಓಡಿಬಂದು ಕೆಂಚ್ಯಾನ ತಲೆಯನ್ನು ತೊಡೆಯ ಮೇಲೆ ತೆಗೆದುಕೊಂಡಿದ್ದ. ಭಾನುದಾಸ ಕುಡಗೋಲು ತಂದು ಕಣ್ಣಿ ಕೊಯ್ದ. ಎತ್ತು ಏಳಲು ಹವಣಿಸಿತು. ಮುಂಗಾಲೆರಡೂ ಮುರಿದಿದ್ದವು, ಉಸಿರು ಗೊರಗೊರ ಎನ್ನುತ್ತಿತ್ತು. "ಹೋ," ಎಂದ ಖಂಡಪ್ಪ ಮೆಲ್ಲಗೆ, ಗಂಗೆದೊಗಲು ಸವರುತ್ತ. "ಹೋ ನನ್ನಪ್ಪಾ. ಹೋ." ಕೆಂಚ್ಯಾ ಏಳುವುದನ್ನು ಬಿಟ್ಟಿತು.

ಭಾನುದಾಸನ ಮುಖ ಬಿಳಿಚಿಹೋಗಿತ್ತು. ತಾಯವ್ವನ ಮುಂದೆ ಎರಡೂ ಕೈ ಚಾಚಿ ಮರಾಠಿಯಲ್ಲಿ ಹೇಳಿಯೇ ಹೇಳಿದ. "ಮೀ ವಿಚಾರಲಾ, ಬಾಯೀ. ಜೋರಾತ ಜಾಊ ಕಾ ವಿಚಾರಲಾ. ತೋ ಹೋ ಮ್ಹಣಾಲಾ. ಪುನಃ ಪುನಃ ಹೋ ಮ್ಹಣಾಲಾ." ಜೋರಾಗಿ ಹೋಗಲೇನು ಎಂದು ಕೇಳಿದೆ, ಅವನು ಹೋ ಅಂದ, ಮತ್ತೆ ಮತ್ತೆ ಅಂದ.

ತಾಯವ್ವನಿಗೆ ಎಲ್ಲವೂ ಒಮ್ಮೆಲೇ ತಿಳಿಯಿತು. ಯಾರು ಏನು ಅಂದರು, ಯಾರು ಏನು ಕೇಳಿಸಿಕೊಂಡರು, ಎರಡೂ ಭಾಷೆ ಬಲ್ಲವಳು ಬಾಯಲ್ಲಿ ಕಣ್ಣಿ ಕಚ್ಚಿಕೊಂಡು ಹೇಗೆ ಕುಳಿತಿದ್ದಳು ಎಂಬುದೆಲ್ಲ.

"ಏನಂತಾನಲೇ ಅವ?" ಎಂದು ಖಂಡಪ್ಪ ಕೇಳಿದ. "ಅಷ್ಟು ಒದರಿದೆ ನಾನು. ಯಾಕ ನಿಲ್ಲಸಲಿಲ್ಲಂತ?"

ಅವಳು ಗಂಡನನ್ನು ನೋಡಿದಳು. ಅವನು ಇನ್ನೂ ಕೆಂಚ್ಯಾನ ಗಂಗೆದೊಗಲು ಸವರುತ್ತಲೇ ಇದ್ದ.

"ಕೇಳಸಲಿಲ್ಲಂತ್ರಿ," ಎಂದಳು. "ಎಂಜಿನ್ ಸಪ್ಪಳದಾಗ ಏನೂ ಕೇಳಸಲಿಲ್ಲಂತ."

ಭಾನುದಾಸ ಒಬ್ಬರಾದ ಮೇಲೆ ಒಬ್ಬರ ಮುಖ ನೋಡಿದ. ಮಳೆಯ ದಪ್ಪ ಹನಿಗಳು ಬೀಳತೊಡಗಿದವು. ಅವನು ಉಪ್ಪಿನ ಕಡೆ ತಿರುಗಿಯೂ ನೋಡಲಿಲ್ಲ. ಟೊಪ್ಪಿಗೆ ತೆಗೆದು ಕಂಕುಳಲ್ಲಿ ಹಿಡಿದು ನಿಂತ. ಕೆಂಚ್ಯಾನ ಉಸಿರು ಸಣ್ಣಗಾಗುತ್ತ ಬಂತು. ಆಮೇಲೆ ಕೊರಳ ಗಂಟೆ ಒಮ್ಮೆ ಅಲುಗಿ ಸುಮ್ಮನಾಯಿತು.

ಬಹಳ ಹೊತ್ತಿನ ಮೇಲೆ ಭಾನುದಾಸ ಪಿಸುದನಿಯಲ್ಲಿ, "ಗೇಲಾ ಕಾ, ಬಾಯೀ?" ಎಂದ. ಹೋಯಿತೇ ಎಂದು ಕೇಳುತ್ತಿದ್ದ.

"ಹೋ," ಎಂದಳು ತಾಯವ್ವ.

ಖಂಡಪ್ಪ ತಲೆ ಎತ್ತಲಿಲ್ಲ. "ನಿಂತಾನಲ್ಲಲೇ," ಎಂದ. "ಇನ್ನ ಯಾಕ ಹೋ ಅಂತಿ?"

ಲಾರಿಯ ಹಲಗೆಯ ಸಂದಿನಿಂದ ಉಪ್ಪುನೀರು ಕೊಕ್ಕೆಯ ಮೇಲೆ ಇಳಿದು, ಚಕ್ಕಡಿಯ ಮರದಗುಂಟ ಹರಿದು, ಎರೆಮಣ್ಣಿಗೆ ತೊಟ್ಟಿಕ್ಕುತ್ತಿತ್ತು.