ಊದ್ರಿ ಕಲ್ಲೇಶಪ್ಪ

ರಬ್ಬರಿನ ವಾಸನೆ, ರಬ್ಬರಿಗೆ ಮೆತ್ತಿದ ಪೌಡರಿನ ವಾಸನೆ, ಅದರ ಕೆಳಗೆ ಏಲಕ್ಕಿ, ಏಲಕ್ಕಿಯ ಕೆಳಗೆ — ಇಲ್ಲ, ಏನೂ ಇಲ್ಲ, ಬರೀ ಏಲಕ್ಕಿ ಅಷ್ಟೇ ಎಂದುಕೊಳ್ಳುತ್ತ ಕಲ್ಲೇಶಪ್ಪ ಕೆಂಪು ಬಲೂನಿನ ಬಾಯಿಯನ್ನು ತುಟಿಯಲ್ಲಿ ಕಚ್ಚಿ ಹಿಡಿದು ಊದಿದ, ಕೆನ್ನೆ ನೋಯುವಷ್ಟು ಊದಿದ, ಅದು ಮೂಗಿನ ಮುಂದೆ ದಪ್ಪಗಾಗುತ್ತ ಆಗುತ್ತ ನಡುಮನೆಯನ್ನೇ ಕೆಂಪು ಮಾಡಿತು, ಆ ಕೆಂಪಿನಾಚೆ ಅಡುಗೆಮನೆಯ ಬಾಗಿಲಲ್ಲಿ ಮಗಳು ದಾಕ್ಷಾಯಿಣಿ ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು ನಿಂತಿದ್ದಳು, ಅಪ್ಪಾಜಿ ಸುಸ್ತಾದ್ರೆ ಬಿಡ್ರಿ, ಹುಡುಗ್ರು ಬಂದು ಊದ್ಕಂತಾವೆ — ಅವನು ಬರೀ ತಲೆಯಾಡಿಸಿದ, ಬಾಯಿ ಬಿಡುವಂತಿಲ್ಲ, ಬಲೂನು ಬಾಯಲ್ಲಿರುವಷ್ಟು ಹೊತ್ತು ಯಾರಿಗೂ ಉತ್ತರ ಕೊಡಬೇಕಾಗಿಲ್ಲ, ಎಂಥ ಒಳ್ಳೆಯ ಉಪಾಯ ಸಿಕ್ಕಿತಲ್ಲ ಶಿವನೇ, ಮಗಳ ಹುಟ್ಟುಹಬ್ಬಕ್ಕೆ ಸಂಜೆ ಡ್ಯೂಟಿ ಮುಗಿಸಿ ಬರ್ತೀನಿ ಅಂದವಳು ರಜಾ ಹಾಕಿ ಊಟದ ಹೊತ್ತಿಗೇ ಬಂದು ಕೂತರೆ ಮನುಷ್ಯ ಏನು ಮಾಡಬೇಕು, ಅದೂ ನರ್ಸು, ದಿನಾ ಆಸ್ಪತ್ರೆಯಲ್ಲಿ ಎಂಥೆಂಥವರ ಬಾಯಿ ನೋಡಿದವಳು, ಅವಳ ಮೂಗಿಗೆ ಏಲಕ್ಕಿ ಯಾವ ಲೆಕ್ಕ. ಬಲೂನಿನ ಕತ್ತು ತಿರುಚಿ ದಾರ ಸುತ್ತಿದ, ಗಂಟು ಬಿಗಿಯಲು ಬೆರಳು ಕೇಳುತ್ತಿಲ್ಲ, ಸ್ಟೇರಿಂಗ್ ಹಿಡಿದು ಹಿಡಿದು ಗೆಣ್ಣುಗಳು ಸೊಟ್ಟಗಾಗಿವೆ, ಒಂದು ಜಾರುಗಂಟು ಹಾಕಿ ಗೋಡೆಯ ಕಡೆ ಬಿಟ್ಟ, ಅಲ್ಲಿ ಹಳದಿ, ನೀಲಿ, ಹಸಿರು ಬಲೂನುಗಳು ಫ್ಯಾನಿನ ಗಾಳಿಗೆ ಒಂದಕ್ಕೊಂದು ಮೈ ಉಜ್ಜಿಕೊಂಡು ಕಿರ್ ಕಿರ್ ಅನ್ನುತ್ತಿದ್ದವು. ಎಲ್ಲ ಹೊರಗೆ ಹೋಗಲಿ, ಹೊಟ್ಟೆಯಲ್ಲಿರುವುದೆಲ್ಲ ಬಲೂನಿಗೆ ಹೋಗಲಿ, ಊದಿ ಊದಿ ಖಾಲಿಯಾದರೆ ಸಂಜೆಯ ಹೊತ್ತಿಗೆ ಬಾಯಿ ಮಗುವಿನ ಬಾಯಿಯಷ್ಟು ಚೊಕ್ಕಟವಾಗುತ್ತದೆ, ಇನ್ನೊಂದು ಕೈಗೆತ್ತಿಕೊಂಡ.

ಊದ್ರಿ ಕಲ್ಲೇಶಪ್ಪ. ಯಾರೂ ಅನ್ನಲಿಲ್ಲ, ಆದರೂ ಕಿವಿಯಲ್ಲಿ ಬಂತು, ಬೆಳಗಿನ ಜಾವದ ಡಿಪೋ ಗೇಟು, ಮಂಕಿಟೋಪಿಯ ಗಾರ್ಡು ಮಾರುತೇಶನ ಕೈಯಲ್ಲಿ ಕುಡಿದವರನ್ನು ಹಿಡಿಯುವ ಆ ಸಣ್ಣ ಯಂತ್ರ, ಅದರ ಮೂತಿಗೆ ಬಿಳಿ ಕೊಳವೆ, ಊದ್ರಿ ಕಲ್ಲೇಶಪ್ಪ, ಇವನು ಎದೆ ಉಬ್ಬಿಸಿ ಊದುತ್ತಿದ್ದ, ಸೊನ್ನೆ, ಯಾವತ್ತಿದ್ದರೂ ಸೊನ್ನೆ, ನಿಮ್ದು ಉಸಿರಲ್ಲ ಕಣ್ರಿ, ತೀರ್ಥ, ಎಂದು ಮಾರುತೇಶ ನಗುತ್ತಿದ್ದ, ಹಿಂದೆ ಸಾಲಿನಲ್ಲಿ ನಿಂತ ಹುಡುಗು ಡ್ರೈವರುಗಳು ಬಾಯಿಗೆ ಸೋಂಪು ತುರುಕಿಕೊಳ್ಳುತ್ತಿದ್ದರು, ಅವರನ್ನು ಕಂಡರೆ ಇವನಿಗೆ ಎಂಥ ತಾತ್ಸಾರ, ಥೂ, ಅನ್ನ ಕೊಡೋ ಗಾಡಿ ಹತ್ತೋ ಮುಂಚೆ ಹಿಂಗಾ — ಹೊಸದುರ್ಗದಿಂದ ಹಿರಿಯೂರು, ಹಿರಿಯೂರಿಂದ ಧರ್ಮಪುರ, ಶೇಂಗಾ ಮೂಟೆ, ಕುರಿಮರಿ, ಬಾಣಂತಿಯರು, ಒಂದು ಕೋಳಿಯ ಮೇಲೂ ಗಾಡಿ ಹಾಯಿಸದೆ ಸರ್ವೀಸು ಮುಗಿಸಿದ, ಅದಕ್ಕೊಂದು ಪದಕ ಕೊಟ್ಟರು, ಶಾಲು ಹೊದಿಸಿದರು, ಆ ಸಂಜೆ ತನ್ನದೇ ಬಸ್ಸಿನ ಕಂಡಕ್ಟರು ದೊಡ್ಡತಿಮ್ಮಪ್ಪ, ಅವನೂ ಅದೇ ತಿಂಗಳು ರಿಟೈರಾದವನು, ಗ್ಲಾಸು ಮುಂದೆ ಹಿಡಿದು ಅಂದ, ಕುಡಿಯಪ್ಪ, ನಾಳೆ ಯಾರು ಊದಿಸ್ತಾರೆ ನಿನ್ನ. ಅಷ್ಟೇ ಮಾತು. ಆ ಮಾತಿಗೆ ನಗು ಬರಬೇಕಿತ್ತು, ಗ್ಲಾಸು ಇಸಿದುಕೊಂಡು ಒಂದೇ ಉಸಿರಿಗೆ ಎತ್ತಿದ, ಹೌದಲ್ಲ, ನಾಳೆಯಿಂದ ಯಾರೂ ಊದಿಸುವುದಿಲ್ಲ, ಗೇಟಿನಲ್ಲಿ ಯಾರೂ ಕಾಯುವುದಿಲ್ಲ, ತಾನು ಚೊಕ್ಕಟವಾಗಿದ್ದರೆಷ್ಟು ಬಿಟ್ಟರೆಷ್ಟು. ಮಾರನೆಯ ದಿನ ಕೋಳಿ ಕೂಗುವ ಮುಂಚೆ ಎಚ್ಚರವಾಯಿತು, ಅದರ ಮಾರನೆಯ ದಿನವೂ, ಮಲಗಿದಲ್ಲೇ ಬಲಗಾಲು ಬ್ರೇಕು ಒತ್ತುತ್ತಿತ್ತು, ಮಂಚದ ಪಟ್ಟಿಗೆ ಹಿಮ್ಮಡಿ ಬಡಿದು ಬಡಿದು ಹೆಂಡತಿ ಮರುಳಸಿದ್ದಮ್ಮ ಎದ್ದು ಕೂರುತ್ತಿದ್ದಳು, ರೀ, ಯಾರು ಅಡ್ಡ ಬಂದ್ರು ಈಗ, ಮಲ್ಕಳ್ರಿ ಸುಮ್ನೆ. ಒಳಗೆ ಒಂದಿಷ್ಟು ಬಿದ್ದರೆ ಆ ಕಾಲು ಸುಮ್ಮನಾಗುತ್ತದೆ, ಇದನ್ನು ಯಾರಿಗೆ ಹೇಳುವುದು, ಬೀಪಿ ಮಾತ್ರೆ ಬರೆದುಕೊಟ್ಟ ಡಾಕ್ಟರಿಗೆ ಹೇಳುವುದೆ, ಕುಡಿಯೋದೇನಾದ್ರೂ ಐತೇನ್ರಿ ಎಂದು ಆತ ಕೇಳಿದಾಗ ಮರುಳಸಿದ್ದಮ್ಮನೇ ಮುಂದೆ ಬಿದ್ದು, ಅಯ್ಯೋ ನಮ್ಮನೆಯೋರು ಲಿಂಗಪೂಜೆ ಮಾಡ್ದೆ ಬಾಯಿಗೆ ನೀರೂ ಹಾಕಲ್ಲ ಅಂದುಬಿಟ್ಟಳು. ಅದೂ ಸುಳ್ಳಲ್ಲ.

ನೀಲಿ ಬಲೂನು ಅರ್ಧಕ್ಕೇ ಫುಸ್ಸೆಂದು ಮುಖಕ್ಕೆ ಗಾಳಿ ಬಿಟ್ಟಿತು, ಅಬ್ಬಾ, ಇದೇನಿದು ಈ ನಮೂನೆ ನಾತ, ತನ್ನದೇ ಉಸಿರು ತನಗೇ ತಿರುಗಿ ಬಂದು ಹೊಡೆಯಿತಲ್ಲ, ಹೊರಳಿ ಬಾಗಿಲು ನೋಡಿದ, ದಾಕ್ಷಾಯಿಣಿ ಒಳಗೆ ಹೂರಣ ರುಬ್ಬುತ್ತಿದ್ದಾಳೆ, ಮಿಕ್ಸಿಯ ಸದ್ದು, ಸದ್ಯ. ಗೋಡೆಯ ಮೊಳೆಗೆ ಲಿಂಗದ ಕರಡಿಗೆ ತೂಗುತ್ತಿತ್ತು — ಬೆಳಿಗ್ಗೆ ತೆಗೆದಿಟ್ಟವನು ಮರಳಿ ಕೊರಳಿಗೆ ಹಾಕಿಕೊಳ್ಳಲೇ ಇಲ್ಲ, ವಾಕಿಂಗಿಗೆ ಹೋಗುವಾಗ ಯಾವಾಗಲೂ ತೆಗೆದಿಟ್ಟೇ ಹೋಗುವುದು, ವಾಕಿಂಗ್ ಅಂದರೆ ಬಸ್‌ಸ್ಟ್ಯಾಂಡಿನ ಹಿಂದಿನ ಬ್ರಾಂದಿ ಅಂಗಡಿ, ಅಲ್ಲಿಗೆ ಬರುವವರೆಲ್ಲ ಪಿಂಚಣಿಯವರೇ, ಒಬ್ಬರು ಹೆಡ್‌ಮಾಸ್ಟರಾಗಿದ್ದವರು, ಒಬ್ಬರು ನೀರಾವರಿ ಇಲಾಖೆಯವರು, ಎಲ್ಲರ ಕಾಲಲ್ಲೂ ಬಿಳಿ ಕ್ಯಾನ್ವಾಸ್ ಬೂಟು, ಎಲ್ಲರ ಮನೆಯಲ್ಲೂ ವಾಕಿಂಗು, ಹೋಗಾಣ ಬರ್ರಿ, ನಡೆದಷ್ಟೂ ಶುಗರ್ ಇಳೀತೈತೆ, ಎಂದು ದೊಡ್ಡತಿಮ್ಮಪ್ಪ ಬಾಗಿಲಿಗೇ ಬಂದು ಕರೆಯುತ್ತಿದ್ದ. ಮೊಮ್ಮಗಳು ಸ್ವಾತಿಯೇ ಈ ಗುಟ್ಟನ್ನು ಹೊರಗೆ ಹಾಕಿದ್ದು, ಪಾಪದ್ದು, ಅದಕ್ಕೇನು ಗೊತ್ತು, ಸ್ಕೂಲಿಂದ ಇವನೇ ಕರೆತರುವುದು, ಅವಳಮ್ಮ ಡ್ಯೂಟಿ ಮುಗಿಸಿ ಬರುವವರೆಗೆ ಇಲ್ಲೇ, ಊಟದ ತಟ್ಟೆಯೇ ಸ್ಟೇರಿಂಗು, ಅಜ್ಜ ಡ್ರೈವರು, ಅವಳು ಕಂಡಕ್ಟರು, ಹಿರಿಯೂರ್ ಹಿರಿಯೂರ್ ಯಾರ್ರೀ ಹಿರಿಯೂರ್, ರೈಟ್ ರೈಟ್ — ಅವಳು ತಗಡಿನ ಪೀಪಿ ಊದಿದಾಗ ಇವನ ಬಲಗಾಲು ತನ್ನಷ್ಟಕ್ಕೆ ತಾನೇ ಸುಮ್ಮನಾಗುತ್ತದೆ, ಗ್ಲಾಸು ಬೇಕಾಗುವುದಿಲ್ಲ, ಕುಡಿಯದೆ ಸುಮ್ಮನಾಗುವುದು ಆ ಹೊತ್ತೊಂದೇ. ಹೋದ ತಿಂಗಳು ಅವಳು ಅಮ್ಮನ ಹೆಗಲೇರಿ ಅಂದಳು, ಅಜ್ಜನ ಹತ್ರ ಔಷಧಿ ವಾಸ್ನೆ ಬರ್ತೈತೆ ಕಣಮ್ಮ, ದಿನಾ ಬರ್ತೈತೆ. ಔಷಧಿ ಎಂದು ಹೇಳಿಕೊಟ್ಟವನೂ ಇವನೇ. ದಾಕ್ಷಾಯಿಣಿ ಕೂಗಾಡಲಿಲ್ಲ, ಕೂಗಾಡಿದ್ದರೆ ತಡೆಯಬಹುದಿತ್ತು, ಅಪ್ಪಾಜಿ, ನಿಮ್ ಸ್ಕೂಟರ್ ಮ್ಯಾಲೆ ನನ್ ಮಗಳು ಕುಂತಿರ್ತಾಳೆ, ಇನ್ನೊಂದ್ಸಲ ಗೊತ್ತಾದ್ರೆ ಇಲ್ಲಿಗೆ ಬಿಡಲ್ಲ, ಸಂಜೆ ಮಟ ಟ್ಯೂಷನ್‌ಗೆ ಹಾಕ್ತೀನಿ. ಲಿಂಗ ಮುಟ್ಟಿ ಹೇಳಿದ, ಇಲ್ಲವ್ವ, ಇನ್ನು ಇಲ್ಲ. ಅವತ್ತಿನಿಂದ ಗ್ಲಾಸು ಮುಟ್ಟಿರಲಿಲ್ಲ, ನಿಜವಾಗಿ ಮುಟ್ಟಿರಲಿಲ್ಲ, ರಾತ್ರಿಯಿಡೀ ಮಂಚದ ಪಟ್ಟಿಗೆ ಹಿಮ್ಮಡಿ ಬಡಿಯುತ್ತ ತಡೆದುಕೊಂಡಿದ್ದ, ಇವತ್ತು ಬೆಳಿಗ್ಗೆ ಬಲೂನು ತರಲೆಂದು ಪೇಟೆಗೆ ಹೋಗದಿದ್ದರೆ — ಆದರೆ ಹೊರಡುವ ಮುಂಚೆ ಕರಡಿಗೆ ತೆಗೆದು ಮೊಳೆಗೆ ಹಾಕಿದ್ದು ಯಾಕೆ, ಬಲೂನು ತರುವವನಿಗೆ ಲಿಂಗ ಭಾರವಾಗಿತ್ತೆ, ಥೂ ನಿನ್ನ. ಅಂಗಡಿ ಮುಂದೆ ದೊಡ್ಡತಿಮ್ಮಪ್ಪ, ಏನಪ್ಪ, ಮೊಮ್ಮಗಳು ಹುಟ್ಟಿದ ದಿನ ಬರೀ ಬಾಯಾಗ್ ಹೋಗ್ತೀಯಾ, ಒಂದೇ ಒಂದು ನೈಂಟಿ ಕಣೋ. ಆಮೇಲೆ ಇನ್ನೊಂದು.

ಕೇಕಿನ ಡಬ್ಬಿ ಬಂತು, ಗಲ್ಲಿಯ ಹುಡುಗರು ಬಂದರು, ಹೊಸ ಫ್ರಾಕಿನಲ್ಲಿ ಸ್ವಾತಿ ಗಿರ್ರನೆ ತಿರುಗಿ ತಿರುಗಿ ತೋರಿಸಿದಳು, ಇವನು ಕೈಬೀಸಿ ನಕ್ಕ, ತುಟಿ ಮುಚ್ಚಿಕೊಂಡೇ ನಕ್ಕ, ಮೂಲೆಯ ಪ್ಲಾಸ್ಟಿಕ್ ಕುರ್ಚಿ ಹಿಡಿದು ಗೋಡೆಗೆ ಅಂಟಿ ಕೂತ, ಬನ್ರಿ ಅಪ್ಪಾಜಿ ಫೋಟೋಕ್ಕೆ, ಎಂದು ದಾಕ್ಷಾಯಿಣಿ ಕರೆದಳು, ಕೈಯಲ್ಲೇ ಆಮೇಲೆ ಎಂದ, ರೀ ಏಲಕ್ಕಿ ಸಾಕು ಬಿಡ್ರಿ, ಅದೇ ಹೇಳ್ಕೊಡ್ತೈತೆ, ಎಂದು ಮರುಳಸಿದ್ದಮ್ಮ ಹೋಳಿಗೆ ತಟ್ಟೆ ಕೊಡುತ್ತ ಬಗ್ಗಿ ಪಿಸುಗುಟ್ಟಿದಳು, ಅವಳಿಗೆ ಮಧ್ಯಾಹ್ನವೇ ಗೊತ್ತಾಗಿದೆ, ಅವಳ ಕಣ್ಣು ಕೆಂಪಗಿತ್ತು, ಒಲೆಯ ಹೊಗೆಗೇ ಇರಬೇಕು, ಗ್ಯಾಸಿನ ಒಲೆಗೆ ಎಲ್ಲಿಯ ಹೊಗೆ. ಕೇಕು ಕತ್ತರಿಸಿದರು, ಚಪ್ಪಾಳೆ, ದೂರದ ಗುಡ್ಡದ ಗಾಳಿಯಂತ್ರಗಳು ಕಿಟಕಿಯಲ್ಲಿ ನಿಧಾನಕ್ಕೆ ತಿರುಗುತ್ತಿದ್ದವು, ಮುಗಿಯಿತು, ಗೆದ್ದೆ, ಇನ್ನು ತುಸು ಹೊತ್ತು, ನಾಳೆಯಿಂದ ಆಣೆಗೂ ಇಲ್ಲ, ದೊಡ್ಡತಿಮ್ಮಪ್ಪ ಬಾಗಿಲಿಗೆ ಬಂದರೆ ಮನೇಲಿಲ್ಲ ಅನ್ನಿಸುತ್ತೇನೆ, ನಾಳೆ ಸ್ಕೂಲು ಬಿಡುವ ಹೊತ್ತಿಗೆ ಗೇಟಿನಲ್ಲಿ ಎಲ್ಲರಿಗಿಂತ ಮುಂದೆ ನಿಂತಿರುತ್ತೇನೆ. ಹುಡುಗರು ಬಲೂನುಗಳ ಮೇಲೆ ಮುಗಿಬಿದ್ದರು. ಅಜ್ಜ ಊದಿದ ಬಲೂನು, ನಮ್ಮಜ್ಜ ಊದಿದ್ದು, ಎಂದು ಸ್ವಾತಿ ಕೆಂಪು ಬಲೂನೊಂದನ್ನು ತಬ್ಬಿ ತಂದಳು, ದಾರದ ತುದಿ ಎಳೆದಳು, ಬೇಡ ಪುಟ್ಟಾ ಎಂಬುದು ಅವನ ಮುಚ್ಚಿದ ಬಾಯೊಳಗೇ ಉಳಿಯಿತು, ಜಾರುಗಂಟು ಜಾರಿತು, ಅವಳು ಬಲೂನಿನ ಬಾಯಿಯನ್ನು ತನ್ನ ಮುಖಕ್ಕೆ ಹಿಡಿದುಕೊಂಡು ಬಿಟ್ಟಳು, ಹಣೆಯ ಮೇಲಿನ ಕೂದಲು ಹಾರಿತು, ಕಣ್ಣು ಮುಚ್ಚಿ ಕಿಲಕಿಲ ನಕ್ಕಳು, ಅಮ್ಮಾ, ಬಾಮ್ಮ ಇಲ್ಲಿ, ಇದ್ರೊಳಗೆ ಅಜ್ಜ ಅವ್ನೆ!

ಎಲ್ಲೋ ಮೋರಿ ಕಟ್ಟಿಕೊಂಡೈತೆ ಕಣೆ, ಅದರ ವಾಸ್ನೆ, ಎಂದು ಮರುಳಸಿದ್ದಮ್ಮ ಅಡ್ಡ ಬಂದಳು, ಯಾರೂ ಕೇಳಲಿಲ್ಲ, ಸ್ವಾತಿ ಆಗಲೇ ಹಳದಿಯದರ ದಾರ ಎಳೆದು ಅಮ್ಮನ ಮೂಗಿಗೆ ಹಿಡಿದಿದ್ದಳು, ಫುಸ್ಸ್, ಅದರೊಳಗೂ ಅಜ್ಜ ಅವ್ನೆ ಅಲ್ವೇನಮ್ಮ, ಎಲ್ಲಾದ್ರೊಳಗೂ ಅವ್ನೆ. ದಾಕ್ಷಾಯಿಣಿಯ ಮುಖ — ಬೈಯಲಿ, ಈಗಲಾದರೂ ಕೂಗಾಡಲಿ, ನಾಲ್ಕು ಜನರೆದುರು ಮಾನ ಕಳೆಯಲಿ, ತಾಯೀ — ಅವಳು ಅಪ್ಪನನ್ನು ಒಮ್ಮೆ ನೋಡಿದಳು, ಅಷ್ಟೇ, ಒಳಗೆ ಹೋದಳು, ಬೀರುವಿನ ಬಾಗಿಲು ಕಿರುಗುಟ್ಟಿತು, ಸ್ವಾತಿ ಸ್ಕೂಲಿಂದ ಬಂದು ಹಾಕಿಕೊಳ್ಳುವ ಬಟ್ಟೆಗಳು ಅಲ್ಲಿರುವುದು, ಕೆಳಗಿನ ಖಾನೆ, ಒಂದೊಂದಾಗಿ ಕವರಿಗೆ ಹೋಗುವ ಸದ್ದು, ಹೂವಿನ ಫ್ರಾಕು, ಚಡ್ಡಿ, ಸ್ವೆಟರು, ಕೊನೆಗೆ ಟಣ್ ಎಂದಿದ್ದು ಪೀಪಿಯೇ ಇರಬೇಕು, ಅದನ್ನಾದರೂ ಬಿಟ್ಟು ಹೋಗವ್ವ ಎಂದು ಏಳಹೋದ, ಬಲಗಾಲು ನೆಲವನ್ನು ಒತ್ತಿತು, ಒತ್ತಿದಷ್ಟೂ ಒತ್ತಿತು, ಯಾವುದೂ ನಿಲ್ಲಲಿಲ್ಲ, ಮೊಳೆಯ ಮೇಲಿನ ಕರಡಿಗೆ, ಮಾರುತೇಶನ ನಗು, ತೀರ್ಥ ಕಣ್ರಿ, ಪದಕ ಎಲ್ಲಿಟ್ಟಿದ್ದೇನೆ, ಹಿರಿಯೂರ್ ಹಿರಿಯೂರ್, ಯಾರ್ರೀ — ಮೊಣಕಾಲಿಗೆ ಪುಟ್ಟ ಕೈ ತಾಗಿತು. ಸ್ವಾತಿ. ಗಾಳಿ ಹೋಗಿ ಜೋತುಬಿದ್ದ ಕೆಂಪು ಬಲೂನು ಅವಳ ಕೈಯಲ್ಲಿ, ಅದರ ಬಾಯಿ ಇವನದೇ ಎಂಜಲಿಂದ ಇನ್ನೂ ಒದ್ದೆ, ಅದನ್ನು ಎತ್ತಿ ಅವನ ತುಟಿಗೆ ಇಟ್ಟಳು. ಹಿಂದೆ ಬಾಗಿಲಲ್ಲಿ ಕವರು ಹಿಡಿದು ಮಗಳು ನಿಂತಿದ್ದಾಳೆ. ಇನ್ನೊಂದ್ಸಲ ಊದು ಅಜ್ಜ. ತುಟಿಗೆ ರಬ್ಬರು. ಊದು ಅಜ್ಜ. ಕೆಂಪು ಬಲೂನು, ಅದರ ಒದ್ದೆ ಬಾಯಿ. ಊದು.